ಅಗಸಿಯಲ್ಲಿ ಕೇಳುತ್ತಿದ್ದ ಮಾತು

ನಮ್ಮ ಅಡ್ಡಹೆಸರು ಅಗಸಿಮನಿ. ಊರಿನ ಅಗಸಿ ಬಿದ್ದುಹೋಗಿ ಎಷ್ಟೋ ಕಾಲವಾಯಿತು, ಹೆಸರೊಂದು ನಿಂತಿದೆ. ಮೂವತ್ತು ವರ್ಷ ಬೈಲಹೊಂಗಲ, ಸವದತ್ತಿ ಕಡೆಯ ಶಾಲೆಗಳಲ್ಲಿ ತಳವಾರ, ವಾಲೀಕಾರ, ಹುಡೇದ ಎಂದು ಕೂಗಿ ಹಾಜರಿ ಹಾಕಿದೆ. ಊರು ಕಾಯುತ್ತಿದ್ದ ಪಡೆಯೇ ನನ್ನೆದುರು ಕೂತು ಮಗ್ಗಿ ಹೇಳುತ್ತಿತ್ತೆಂದು ಹೊಳೆದದ್ದು ಪಿಂಚಣಿ ಬಂದ ಮೇಲೆ.

ಮಣ್ಣಿನ ಗೋಡೆಯ ಮನೆಗೆ ಕಳ್ಳ ಬೀಗ ಮುರಿಯಬೇಕಿರಲಿಲ್ಲ, ಹಿತ್ತಲ ಗೋಡೆಗೆ ಕನ್ನ ಹಾಕಿದರಾಯಿತು. ಹನ್ನೆರಡನೆಯ ಶತಮಾನದಲ್ಲಿ ಆ ಕಸುಬು ಬಿಟ್ಟು ಶರಣನಾದವನ ಹೆಸರೇ ಕನ್ನದ ಮಾರಿತಂದೆ. ನಮ್ಮಜ್ಜನಿಗೆ ಮಾತ್ರ ಬಂಗಾರಕ್ಕಿಂತ ಹಗೇವಿನ ಚಿಂತೆ. ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣೆಳೆದರೆ ಅದೇ ಬೀಗ. ವಾಲೀಕಾರ ಬೆಳಗಾಗೆದ್ದು ಮೊದಲು ನೋಡುತ್ತಿದ್ದದ್ದು ಆ ಮಣ್ಣು ಹಸಿಯಾಗಿದೆಯೋ ಹೇಗೆ ಎಂಬುದನ್ನು. ಅಗಸಿಯ ಕಟ್ಟೆಯಲ್ಲಿ ಕೂತನೆಂದರೆ ಬಂದವರಿಗೆಲ್ಲ ಅವನದು ಒಂದೇ ಮಾತು: "ಯಾವೂರವ್ರು? ಯಾರ ಮನೀಗೆ?"

ಕಳುವಾದರೆ ಹೆಜ್ಜೆಯ ಜಾಡು ಹಿಡಿಯಬೇಕು. ಎರಿ ಹೊಲ ಹೆಜ್ಜೆಯನ್ನು ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತದೆ. ಜಾಡು ಯಾವ ಊರಿನ ಸೀಮೆಯೊಳಗೆ ಹೋಯಿತೋ ಆ ಊರಿನವರು ಅದನ್ನು ಮುಂದಿನ ಸೀಮೆಗೆ ಮುಟ್ಟಿಸಬೇಕು, ಇಲ್ಲವೇ ನಷ್ಟ ತುಂಬಿಕೊಡಬೇಕು. ಇದು ಪೇಶ್ವೆಯವರ ಕಾಲದ ರೂಢಿ. ಆದರೆ ಕುಂಪಣಿ ಬಂದ ಮೇಲೂ ನಮ್ಮ ಭಾಗ ತುಂಡು ತುಂಡು: ಸವದತ್ತಿ ಬ್ರಿಟಿಷರದು, ರಾಮದುರ್ಗ ಭಾವೆಯವರ ಸಂಸ್ಥಾನ, ತೊರಗಲ್ಲು ಕೊಲ್ಲಾಪುರದ ಕೈಕೆಳಗಿನ ಶಿಂದೆಯವರ ಜಹಗೀರು. ಕಾಲು ಗಟ್ಟಿಯಿದ್ದ ಕಳ್ಳ ಬೆಳಗಾಗುವುದರೊಳಗೆ ಬೇರೆ ಸರಕಾರದಲ್ಲಿರುತ್ತಿದ್ದ. 1948ರಲ್ಲಿ ರಾಮದುರ್ಗ ವಿಲೀನವಾಗುವವರೆಗೂ ಹೀಗೇ.

ಕಾಯುವವನ ಹೊಟ್ಟೆಗೇನು? ಹೊಲ. ಊರು ಕಾಯ್ದು, ಕರೆದಾಗ ಕತ್ತಿ ಹಿಡಿದು ಬರುವವನಿಗೆ ಕಿತ್ತೂರಿನ ದೇಸಾಯರು ಸನದು ಬರೆದು ಭೂಮಿ ಬಿಟ್ಟಿದ್ದರು, ಅವನೇ ಶೇತಸನದಿ. ಸಂಗೊಳ್ಳಿ ರಾಯಣ್ಣ ಅಂಥವನೊಬ್ಬ. ಕುದುರೆ ಏರಿದ ರಾಯಣ್ಣನ ಪ್ರತಿಮೆ ಎಲ್ಲ ಊರಲ್ಲೂ ಇದೆ. ನನಗೆ ಕಾಣುವವನು ಕಂಬಳಿ ಹೊದ್ದು ಓಣಿ ತಿರುಗುವ ಕಾವಲುಗಾರ. 1824ರಲ್ಲಿ ಕಿತ್ತೂರು ಬಿದ್ದ ಮೇಲೆ ಈ ಹೊಲಗಳ ಮೇಲೂ ಹೊಸ ಸರಕಾರದ ಕಣ್ಣು ಬಿತ್ತು, ಕೆಲವು ಹೋದವು, ಕೆಲವಕ್ಕೆ ಕಂದಾಯ ಏರಿತು. 1829–30ರ ರಾಯಣ್ಣನ ಬಂಡಾಯಕ್ಕೆ ಇದೂ ಒಂದು ಕಾರಣ. ಊರು ಕಾಯುತ್ತಿದ್ದವನು ಸರಕಾರಿ ಕಾಗದದಲ್ಲಿ ದರೋಡೆಕೋರನಾದ. ಹಿಡಿದುಕೊಟ್ಟವರೂ ನಮ್ಮ ಸೀಮೆಯವರೇ. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಾಯಿತು.

ಆಮೇಲೆ ಸಂಶಯಕ್ಕೂ ಕಾನೂನು ಬಂತು. ಗಂಟಿಚೋರರಂಥ ಜಾತಿಗಳಲ್ಲಿ ಹುಟ್ಟಿದ ಕೂಸೂ ಕಳ್ಳರ ಪಟ್ಟಿಗೆ ಸೇರುತ್ತಿತ್ತು. ಆ ಕಾಯ್ದೆ ತೊಲಗಿದ್ದು 1952ರಲ್ಲಿ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆ ರದ್ದು ಮಾಡಿತು. ಸರಿಯಾದ ಕೆಲಸವೇ. ರಾತ್ರಿಯಿಡೀ ಪರರ ಜೋಳ ಕಾಯ್ದವನ ಮಗನೂ ಅದನ್ನೇ ಕಾಯಬೇಕೆನ್ನುವುದು ಎಲ್ಲಿಯ ನ್ಯಾಯ?

ಇದರಾಚೆ ಹೆಂಗಸರದೊಂದು ಕಾವಲಿತ್ತು, ಸನದಿಲ್ಲದ್ದು. ಭರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿದರೆ ಅರ್ಧ ಓಣಿ ಖಾಲಿ. ನಮ್ಮವ್ವ ಬಾಜೂ ಮನೆಯ ಕಾಕಿಗೆ ಹೇಳುವಳು: "ಯಕ್ಕಾ, ಮನೀ ಕಡೆ ಸ್ವಲ್ಪ ಲಕ್ಷ್ಯ ಇರ್ಲಿ." ಕಾಕಿ ಬರೀ ನೋಡುತ್ತಿರಲಿಲ್ಲ. ಬೆಳಿಗ್ಗೆ ನಮ್ಮ ಅಂಗಳ ಗುಡಿಸಿ, ಸಗಣಿ ನೀರು ಹೊಡೆದು, ರಂಗೋಲಿ ಎಳೆದು, ಸಂಜೆ ನಮ್ಮ ಮಾಡದಲ್ಲಿ ದೀಪ ಇಡುತ್ತಿದ್ದಳು. ಹೊರಗಿನವನಿಗೆ ಮನೆಯಲ್ಲಿ ಜನ ಇಲ್ಲವೆಂದು ತಿಳಿಯುವುದು ಹೇಗೆ?

ಈಗ ನಾವಿರುವುದು ಪ್ಲಾಟಿನಲ್ಲಿ, ಗೇಟಿಗೆ ಕ್ಯಾಮೆರಾ. ಹೋದ ಸಲ ಗುಡ್ಡಕ್ಕೆ ಹೋಗಿ ಬಂದಾಗ ಬಾಗಿಲು ತೆರೆದಿತ್ತು. ಕ್ಯಾಮೆರಾ ಸಮೇತ ಎಲ್ಲ ಹೋಗಿತ್ತು, ತಿಜೋರಿ ಕೂಡ. ಬಾಜೂ ಮನೆಯವರು ಪಾಪ, ನಮಗಿಂತ ಗಾಬರಿಯಾಗಿದ್ದರು.

"ಸರ್, ಹಗಲೊತ್ತನ್ಯಾಗ ಟೆಂಪೋ ಬಂದಿತ್ರಿ. ನೀವು ಮನಿ ಖಾಲಿ ಮಾಡಾಕತ್ತೀರಿ ಅನ್ಕೊಂಡ್ವಿ. ತಿಜೋರಿ ಭಾಳ ವಜ್ಜಿ ಇತ್ತಲ್ರೀ, ನಮ್ಮ ಹುಡುಗನೂ ಒಂದು ಕೈ ಹಚ್ಚಿದಾ."