ಸೆಕೆಂಡ್ ಹ್ಯಾಂಡ್ ಇವಿ ಕಾರು: ವಾರಂಟಿ ಇರೋದು ಬ್ಯಾಟರಿಗಾ, ಮೊದಲ ಮಾಲೀಕನಿಗಾ?

ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ಕೊಳ್ಳುವಾಗ ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗೋದು ನಮ್ಮಲ್ಲಿ ವಾಡಿಕೆ. ಬಾನೆಟ್ ಎತ್ತಿ, ಇಂಜಿನ್ ಸದ್ದು ಕೇಳಿ, ಹೊಗೆಯ ಬಣ್ಣ ನೋಡಿ ಅವರೊಂದು ತೀರ್ಪು ಕೊಡ್ತಾರೆ. ಎಲೆಕ್ಟ್ರಿಕ್ ಕಾರಿನ ಮುಂದೆ ಈ ವಿದ್ಯೆ ನಡೆಯಲ್ಲ. ಕಾರಿನ ಬೆಲೆಯಲ್ಲಿ ದೊಡ್ಡ ಪಾಲು ಇರುವ ಬ್ಯಾಟರಿ ಸೀಟಿನ ಕೆಳಗೆ ಮುಚ್ಚಿದ ಪೆಟ್ಟಿಗೆಯಲ್ಲಿರುತ್ತೆ. ಅದು ಸದ್ದು ಮಾಡಲ್ಲ, ಹೊಗೆ ಬಿಡಲ್ಲ. ಅದರ ಆರೋಗ್ಯದ ಲೆಕ್ಕ ಇರುವುದು ಕಂಪನಿಯ ಸಾಫ್ಟ್‌ವೇರ್‌ನಲ್ಲಿ.

ಹಾಗಾಗಿ ಹಳೆಯ ಇವಿ ಕೊಳ್ಳುವವರು ಕೊನೆಗೆ ನಂಬುವುದು ವಾರಂಟಿಯನ್ನು. "8 ವರ್ಷ ಬ್ಯಾಟರಿ ವಾರಂಟಿ ಇದೆ ಸಾರ್, ಇನ್ನೂ 4 ವರ್ಷ ಚಿಂತೆ ಇಲ್ಲ" ಅಂತ ಡೀಲರ್ ಹೇಳ್ತಾರೆ. ಆ ವಾಕ್ಯ ಸುಳ್ಳಲ್ಲದಿರಬಹುದು, ಆದರೆ ಪೂರ್ತಿ ನಿಜವೂ ಅಲ್ಲ. ಭಾರತದಲ್ಲಿ ಇವಿ ವಾರಂಟಿ ಹೇಗೆ ಕೆಲಸ ಮಾಡುತ್ತೆ, ಎರಡನೇ ಮಾಲೀಕರ ಕೈಗೆ ಬಂದಾಗ ಅದು ಎಲ್ಲಿ ಸೋರುತ್ತೆ, ಕೊಳ್ಳುವ ಮೊದಲು ಏನು ಕೇಳಬೇಕು ಅನ್ನೋದು ಇಲ್ಲಿದೆ.

ಒಂದು ಕಾರು, ಎರಡು ಗಡಿಯಾರ

ಮೊದಲು ತಿಳಿಯಬೇಕಾದ್ದು: ಇವಿ ಕಾರಿಗೆ ಒಂದೇ ವಾರಂಟಿ ಇರಲ್ಲ. 2020ರ ಜನವರಿಯಲ್ಲಿ ಬಂದ ಟಾಟಾ ನೆಕ್ಸಾನ್ ಇವಿಯನ್ನೇ ತಗೊಳ್ಳಿ. ಅದರ ಬ್ಯಾಟರಿ ಮತ್ತು ಮೋಟಾರಿಗೆ 8 ವರ್ಷ ಅಥವಾ 1,60,000 ಕಿ.ಮೀ. ಆದರೆ ಕಾರಿನ ಉಳಿದ ಭಾಗಗಳಿಗೆ 3 ವರ್ಷ ಅಥವಾ 1,25,000 ಕಿ.ಮೀ. ಎರಡರಲ್ಲೂ ಯಾವುದು ಮೊದಲು ಮುಗಿಯುತ್ತೋ ಅದೇ ಲೆಕ್ಕ.

ಇಲ್ಲಿ ಎರಡು ತಪ್ಪು ಗ್ರಹಿಕೆಗಳಿವೆ. ಒಂದು, ವಾರಂಟಿ ನೀವು ಕಾರು ಕೊಂಡ ದಿನದಿಂದ ಶುರುವಾಗುತ್ತೆ ಅನ್ನೋದು. ಇಲ್ಲ. ಮೊದಲ ಮಾಲೀಕರು ಕಾರು ಪಡೆದ ದಿನದಿಂದಲೇ ಗಡಿಯಾರ ಓಡುತ್ತಿರುತ್ತೆ. 2020ರಲ್ಲಿ ಮಾರಾಟವಾದ ಕಾರಿನ 8 ವರ್ಷ 2028ಕ್ಕೆ ಮುಗಿಯುತ್ತೆ, ನಡುವೆ ಎಷ್ಟು ಕೈ ಬದಲಾದರೂ ಅಷ್ಟೇ. ಇನ್ನೊಂದು, ಬ್ಯಾಟರಿ ವಾರಂಟಿ ಅಂದರೆ ಕರೆಂಟಿಗೆ ಸಂಬಂಧಿಸಿದ ಎಲ್ಲವೂ ಸೇರಿದೆ ಅನ್ನೋದು. ಕಾರಿನೊಳಗಿನ ಆನ್‌ಬೋರ್ಡ್ ಚಾರ್ಜರ್, ಡಿಸಿ-ಡಿಸಿ ಕನ್ವರ್ಟರ್, ಚಾರ್ಜಿಂಗ್ ಪೋರ್ಟ್, 12 ವೋಲ್ಟಿನ ಚಿಕ್ಕ ಬ್ಯಾಟರಿ ಇವೆಲ್ಲ ಕೆಟ್ಟರೂ ಕಾರು ನಿಂತಲ್ಲೇ ನಿಲ್ಲುತ್ತೆ. ಆದರೆ ಇವು 8 ವರ್ಷದ ಪಟ್ಟಿಯಲ್ಲಿವೆಯೋ 3 ವರ್ಷದ ಪಟ್ಟಿಯಲ್ಲಿವೆಯೋ ಅನ್ನೋದು ಕಂಪನಿಯ ವಾರಂಟಿ ಪುಸ್ತಕ ಓದದೆ ಗೊತ್ತಾಗಲ್ಲ. ನಾಲ್ಕು ವರ್ಷ ಹಳೆಯ ಕಾರು ಕೊಳ್ಳುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

'ಲೈಫ್‌ಟೈಮ್' ಅಂದರೆ ಯಾರ ಲೈಫು?

2024ರಿಂದ ಕಂಪನಿಗಳ ನಡುವೆ ಹೊಸ ಪೈಪೋಟಿ ಶುರುವಾಯ್ತು: ಲೈಫ್‌ಟೈಮ್ ಬ್ಯಾಟರಿ ವಾರಂಟಿ. ಸೆಪ್ಟೆಂಬರ್ 2024ರಲ್ಲಿ ಬಂದ ಎಂಜಿ ವಿಂಡ್ಸರ್, ನವೆಂಬರ್ 2024ರಲ್ಲಿ ಅನಾವರಣಗೊಂಡ ಮಹೀಂದ್ರಾ ಬಿಇ 6 ಮತ್ತು ಎಕ್ಸ್‌ಇವಿ 9ಇ, 2025ರಲ್ಲಿ ಟಾಟಾದ ಹ್ಯಾರಿಯರ್ ಇವಿ, ಆಮೇಲೆ ಕರ್ವ್ ಇವಿ ಮತ್ತು 45 ಕಿಲೋವ್ಯಾಟ್ ಅವರ್ ನೆಕ್ಸಾನ್. ಜಾಹೀರಾತಿನಲ್ಲಿ 'ಲೈಫ್‌ಟೈಮ್' ದಪ್ಪ ಅಕ್ಷರದಲ್ಲಿತ್ತು. ಷರತ್ತು ಸಣ್ಣ ಅಕ್ಷರದಲ್ಲಿ: ಇದು ಮೊದಲ ಮಾಲೀಕರಿಗೆ ಮಾತ್ರ.

ಕಾರು ಕೈ ಬದಲಾದ ಕೂಡಲೇ ವಾರಂಟಿ ಕುಗ್ಗುತ್ತೆ. ವಿಂಡ್ಸರ್‌ನಲ್ಲಿ ಎರಡನೇ ಮಾಲೀಕರಿಗೆ ಸಿಗೋದು 8 ವರ್ಷ ಅಥವಾ 1,60,000 ಕಿ.ಮೀ. ಮಹೀಂದ್ರಾದಲ್ಲಿ 10 ವರ್ಷ ಅಥವಾ 2,00,000 ಕಿ.ಮೀ. ಇದೂ ಮೊದಲ ಮಾಲೀಕರ ದಿನದಿಂದಲೇ ಲೆಕ್ಕ.

ಬ್ಯಾಟರಿಯೊಳಗಿನ ರಸಾಯನಕ್ಕೆ ಆರ್‌ಸಿಯಲ್ಲಿ ಯಾರ ಹೆಸರಿದೆ ಅನ್ನೋದು ಗೊತ್ತಿರಲ್ಲ. ಮಂಗಳವಾರ ಕಾರು ಮಾರಿದರೆ ಬುಧವಾರ ಸೆಲ್‌ಗಳು ದುರ್ಬಲವಾಗಲ್ಲ. ಹಾಗಾದರೆ ವಾರಂಟಿ ಯಾಕೆ ಕುಗ್ಗಬೇಕು? ತಾಂತ್ರಿಕ ಕಾರಣವಿಲ್ಲ, ಇದು ವ್ಯಾಪಾರದ ಲೆಕ್ಕ. ಬಹುತೇಕ ಮೊದಲ ಮಾಲೀಕರು ಕೆಲವೇ ವರ್ಷಗಳಲ್ಲಿ ಕಾರು ಮಾರುತ್ತಾರೆ. ಬ್ಯಾಟರಿಗೆ ನಿಜಕ್ಕೂ ತೊಂದರೆ ಬರುವ ವಯಸ್ಸಿನಲ್ಲಿ ಕಾರು ಎರಡನೇ ಅಥವಾ ಮೂರನೇ ಕೈಯಲ್ಲಿರುತ್ತೆ. ಲೈಫ್‌ಟೈಮ್ ಭರವಸೆ ಈಡೇರಿಸಬೇಕಾದ ಸಂದರ್ಭ ಕಂಪನಿಗೆ ಅಪರೂಪವಾಗುತ್ತೆ.

70 ಪರ್ಸೆಂಟ್ ಲೆಕ್ಕ

ಬ್ಯಾಟರಿ ದಿಢೀರ್ ಸಾಯುವುದು ಕಡಿಮೆ, ನಿಧಾನಕ್ಕೆ ಸವೆಯುವುದೇ ಹೆಚ್ಚು. ಹೊಸದರಲ್ಲಿ ಇದ್ದ ಸಾಮರ್ಥ್ಯದಲ್ಲಿ ಈಗ ಎಷ್ಟು ಉಳಿದಿದೆ ಅನ್ನೋ ಅಳತೆಗೆ ಸ್ಟೇಟ್ ಆಫ್ ಹೆಲ್ತ್, ಚಿಕ್ಕದಾಗಿ ಎಸ್‌ಒಎಚ್ ಅಂತಾರೆ. ಜಗತ್ತಿನ ಬಹುತೇಕ ಕಂಪನಿಗಳು ವಾರಂಟಿ ಅವಧಿಯೊಳಗೆ ಇದು 70%ಕ್ಕಿಂತ ಕೆಳಗೆ ಬಂದರೆ ಮಾತ್ರ ಕ್ಲೇಮ್ ಒಪ್ಪುತ್ತವೆ.

ಲೆಕ್ಕ ಹಾಕೋಣ. 30.2 ಕಿಲೋವ್ಯಾಟ್ ಅವರ್ ಬ್ಯಾಟರಿಯ ಕಾರೊಂದು ಹೊಸದರಲ್ಲಿ ರಸ್ತೆಯ ಮೇಲೆ 200 ಕಿ.ಮೀ. ಓಡುತ್ತಿತ್ತು ಅಂತಿಟ್ಟುಕೊಳ್ಳಿ. ಎಸ್‌ಒಎಚ್ 72%ಕ್ಕೆ ಇಳಿದರೆ ಉಳಿಯೋದು ಸುಮಾರು 21.7 ಕಿಲೋವ್ಯಾಟ್ ಅವರ್, ಅಂದರೆ ಸುಮಾರು 144 ಕಿ.ಮೀ. ಬೆಂಗಳೂರಿನಿಂದ ಹೊರಟರೆ ಮೈಸೂರು ಮುಟ್ಟೋದೇ ಅನುಮಾನ. ಆದರೂ ಕಂಪನಿಯ ಪ್ರಕಾರ ನಿಮ್ಮ ಬ್ಯಾಟರಿ ಸರಿಯಾಗೇ ಇದೆ. ವಾರಂಟಿ ಇದ್ದೂ ಪ್ರಯೋಜನವಿಲ್ಲದ ಸ್ಥಿತಿ ಇದು.

ಇನ್ನೊಂದು ಕಗ್ಗಂಟು: ಈ ಎಸ್‌ಒಎಚ್ ಅಳೆಯುವವರು ಯಾರು? ಕಂಪನಿಯ ಸರ್ವಿಸ್ ಸೆಂಟರ್. ಕ್ಲೇಮ್ ಒಪ್ಪಬೇಕೋ ಬೇಡವೋ ಅಂತ ತೀರ್ಮಾನಿಸುವವರು ಯಾರು? ಅದೇ ಕಂಪನಿ. ಅಲ್ಲದೆ ಎಸ್‌ಒಎಚ್ ನೇರವಾಗಿ ಅಳೆಯುವ ಸಂಖ್ಯೆಯಲ್ಲ, ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್ ಮಾಡುವ ಅಂದಾಜು. ಎಲ್‌ಎಫ್‌ಪಿ ಸೆಲ್‌ಗಳಲ್ಲಿ ಚಾರ್ಜ್ 80% ಇದ್ದರೂ 40% ಇದ್ದರೂ ವೋಲ್ಟೇಜ್ ಹೆಚ್ಚೂಕಡಿಮೆ ಒಂದೇ ಇರುತ್ತೆ. ಹಾಗಾಗಿ ಆಗಾಗ 100% ಚಾರ್ಜ್ ಮಾಡದಿದ್ದರೆ ಅಂದಾಜು ದಾರಿ ತಪ್ಪುತ್ತೆ.

ವಾರಂಟಿ ಎಲ್ಲಿ ಕೈಕೊಡುತ್ತೆ?

ಹಿಂದಿನ ಮಾಲೀಕರು ಮಾಡಿದ್ದಕ್ಕೆ ದಂಡ ಕಟ್ಟೋದು ನೀವು. ವಾರಂಟಿ ನಿರಾಕರಣೆಗೆ ಸಾಮಾನ್ಯವಾಗಿ ಕೊಡುವ ಕಾರಣಗಳು ಇವು: ನಿಗದಿತ ಸರ್ವಿಸ್ ತಪ್ಪಿಸಿದ್ದು, ಹೊರಗಿನ ಗ್ಯಾರೇಜ್‌ನಲ್ಲಿ ಹೈವೋಲ್ಟೇಜ್ ಭಾಗ ಬಿಚ್ಚಿದ್ದು, ಚಾರ್ಜ್ ಸೊನ್ನೆಗೆ ಇಳಿಸಿ ತಿಂಗಳುಗಟ್ಟಲೆ ನಿಲ್ಲಿಸಿದ್ದು, ಅಪಘಾತದಲ್ಲಿ ಬ್ಯಾಟರಿ ಪೆಟ್ಟಿಗೆಗೆ ಏಟು ಬಿದ್ದದ್ದು, ನೀರಿನಲ್ಲಿ ಮುಳುಗಿದ್ದು.

ಕೊನೆಯದನ್ನು ಬೆಂಗಳೂರಿನವರು ಗಂಭೀರವಾಗಿ ತಗೋಬೇಕು. ಸೆಪ್ಟೆಂಬರ್ 2022ರ ಮಳೆಯಲ್ಲಿ ಯಮಲೂರು, ರೈನ್‌ಬೋ ಡ್ರೈವ್, ಹೊರವರ್ತುಲ ರಸ್ತೆಯ ಆಸುಪಾಸು ಬೇಸ್‌ಮೆಂಟ್‌ಗಳಲ್ಲೇ ಕಾರುಗಳು ಮುಳುಗಿದ್ದವು. ಬ್ಯಾಟರಿಗೆ ಐಪಿ67 ರೇಟಿಂಗ್ ಇದೆ ಅಂತ ಧೈರ್ಯ ಹೇಳ್ತಾರೆ. ಅದರ ಅರ್ಥ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷದ ಪರೀಕ್ಷೆ ಪಾಸಾಗಿದೆ ಅಂತ ಮಾತ್ರ. ಎರಡು ದಿನ ಕೆಸರು ನೀರಿನಲ್ಲಿ ನಿಂತ ಕಾರಿಗೆ ಅದು ಅನ್ವಯಿಸಲ್ಲ.

ಟ್ಯಾಕ್ಸಿ ಕಾರುಗಳದ್ದು ಬೇರೆ ಕಥೆ. ದಿನಕ್ಕೆ 200 ಕಿ.ಮೀ.ನಂತೆ ವರ್ಷಕ್ಕೆ 300 ದಿನ ಓಡಿದರೆ 60,000 ಕಿ.ಮೀ. ಆಗುತ್ತೆ. 8 ವರ್ಷದ ವಾರಂಟಿ 1,60,000 ಕಿ.ಮೀ. ಮಿತಿಯಿಂದಾಗಿ 3 ವರ್ಷದೊಳಗೇ ಖಾಲಿ. ಏಪ್ರಿಲ್ 2025ರಲ್ಲಿ ಜೆನ್ಸಾಲ್ ಕಂಪನಿಯ ಪ್ರವರ್ತಕರ ವಿರುದ್ಧ ಸೆಬಿ ಆದೇಶ ಬಂದು, ಬ್ಲೂಸ್ಮಾರ್ಟ್ ಸೇವೆ ದೆಹಲಿ ಮತ್ತು ಬೆಂಗಳೂರಿನಲ್ಲಿ ನಿಂತಾಗ ಸಾವಿರಾರು ಇವಿಗಳು ನಿಂತಲ್ಲೇ ನಿಂತವು. ಹೀಗೆ ತುಂಬಾ ಓಡಿದ, ಆಮೇಲೆ ಸುಮ್ಮನೆ ನಿಂತ ಕಾರು ಅಗ್ಗಕ್ಕೆ ಸಿಕ್ಕರೆ, ಅಗ್ಗ ಯಾಕೆ ಅಂತ ಕೇಳಲೇಬೇಕು.

ಬ್ಯಾಟರಿಯನ್ನು ಪ್ರತ್ಯೇಕವಾಗಿ ಬಾಡಿಗೆ ಅಥವಾ ಸಾಲದ ಮೇಲೆ ಕೊಡುವ ಯೋಜನೆಯೂ ಇದೆ. ವಿಂಡ್ಸರ್ ಈ ಯೋಜನೆಯಲ್ಲಿ 9.99 ಲಕ್ಷ ರೂಪಾಯಿ ಮತ್ತು ಕಿ.ಮೀ.ಗೆ 3.5 ರೂಪಾಯಿಯಂತೆ ಬಂತು. ಅಂಥ ಕಾರು ಕೊಳ್ಳುವವರು ಬ್ಯಾಟರಿಯ ಸಾಲ ತೀರಿದೆಯಾ, ಫೈನಾನ್ಸ್ ಕಂಪನಿಯ ಎನ್‌ಒಸಿ ಇದೆಯಾ ಅಂತ ನೋಡದೆ ಅಡ್ವಾನ್ಸ್ ಕೊಡಬಾರದು. ಇಲ್ಲದಿದ್ದರೆ ಕಾರು ನಿಮ್ಮದು, ಬ್ಯಾಟರಿ ಇನ್ನೊಬ್ಬರದು.

ಕೊಳ್ಳುವ ಮೊದಲು

1. ಚಾಸಿಸ್ ನಂಬರ್ ಕೊಟ್ಟು ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ನಿಂದ ಮೂರು ವಿಷಯ ಬರವಣಿಗೆಯಲ್ಲಿ ಪಡೆಯಿರಿ: ವಾರಂಟಿ ಶುರುವಾದ ದಿನ, ಪೂರ್ತಿ ಸರ್ವಿಸ್ ಇತಿಹಾಸ, ಇವತ್ತಿನ ಎಸ್‌ಒಎಚ್. ಇಮೇಲ್ ಆದರೂ ಸರಿ, ಬಾಯಿಮಾತು ಬೇಡ.

2. ವಾರಂಟಿ ವರ್ಗಾವಣೆಗೆ ಅರ್ಜಿ, ಶುಲ್ಕ, ಗಡುವು ಇದೆಯಾ ಕೇಳಿ. ಆರ್‌ಟಿಒದಲ್ಲಿ ಫಾರ್ಮ್ 29 ಮತ್ತು 30 ಕೊಟ್ಟು ಹೆಸರು ಬದಲಾಯಿಸಿದರೆ ವಾರಂಟಿ ತಾನಾಗೇ ಬದಲಾಗುತ್ತೆ ಅಂತ ಅಂದ್ಕೋಬೇಡಿ. ಅದು ಸರ್ಕಾರದ ದಾಖಲೆ, ಇದು ಕಂಪನಿಯ ದಾಖಲೆ.

3. ಕನೆಕ್ಟೆಡ್ ಕಾರ್ ಆ್ಯಪ್‌ನಿಂದ ಹಳೆಯ ಮಾಲೀಕರ ಖಾತೆ ತೆಗೆಸಿ. ಇಲ್ಲದಿದ್ದರೆ ಕಾರು ಎಲ್ಲಿದೆ ಅನ್ನೋದು ಅವರಿಗೆ ಕಾಣುತ್ತಲೇ ಇರುತ್ತೆ.

4. 100% ಚಾರ್ಜ್ ಮಾಡಿ, 20%ಕ್ಕೆ ಇಳಿಯುವವರೆಗೆ ಓಡಿಸಿ ನೋಡಿ. ಪರ್ಸೆಂಟೇಜ್ ದಿಢೀರ್ ಕುಸಿದರೆ ಕೆಲವು ಸೆಲ್‌ಗಳು ದುರ್ಬಲವಾಗಿರಬಹುದು. ಸರಣಿಯಲ್ಲಿ ಜೋಡಿಸಿದ ಬ್ಯಾಟರಿಯಲ್ಲಿ ಅತಿ ದುರ್ಬಲ ಸೆಲ್ ಹೇಳಿದಂತೆ ಉಳಿದವು ಕೇಳಬೇಕು. ಫಾಸ್ಟ್ ಚಾರ್ಜರ್‌ನಲ್ಲೂ ಒಮ್ಮೆ ಹಾಕಿ ನೋಡಿ.

5. ಸೆಕೆಂಡ್ ಹ್ಯಾಂಡ್ ಡೀಲರ್ ಕೊಡುವ 'ವಾರಂಟಿ' ಕಂಪನಿಯ ವಾರಂಟಿಯಲ್ಲ. ಅದರಲ್ಲಿ ಬ್ಯಾಟರಿ ಸೇರಿದೆಯಾ ಅಂತ ಓದಿ.

ಕಾನೂನು ಎಷ್ಟು ನೆರವಾಗುತ್ತೆ?

ಡೀಲರ್ ಹತ್ತಿರ ಕೊಂಡಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿಮ್ಮ ಜೊತೆಗಿದೆ. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು, 5 ಲಕ್ಷದವರೆಗೆ ಶುಲ್ಕವೂ ಇಲ್ಲ. ಸಮಸ್ಯೆ ಹುಟ್ಟಿದ 2 ವರ್ಷದೊಳಗೆ ಹೋಗಬೇಕು. ಮೊದಲ ಹೆಜ್ಜೆಯಾಗಿ 1915 ಸಹಾಯವಾಣಿಗೆ ಕರೆ ಮಾಡಬಹುದು. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಈ ಕಾಯ್ದೆಯಲ್ಲಿ ಗ್ರಾಹಕರಲ್ಲ, ಆದರೆ ಸ್ವಯಂ ಉದ್ಯೋಗದ ಜೀವನೋಪಾಯಕ್ಕೆ ಕೊಂಡವರಿಗೆ ವಿನಾಯಿತಿ ಇದೆ. ಸ್ವಂತ ಕ್ಯಾಬ್ ಓಡಿಸುವವರು ಇದನ್ನು ನೆನಪಿಡಬೇಕು.

ವ್ಯಕ್ತಿಯಿಂದ ವ್ಯಕ್ತಿಗೆ ನೇರ ಮಾರಾಟವಾದರೆ ದಾರಿ ಕಷ್ಟ. ಒಮ್ಮೆ ಕಾರು ಮಾರಿದವರು ವ್ಯಾಪಾರಿಯಲ್ಲ. ಅವರು ಸುಳ್ಳು ಹೇಳಿ ಮಾರಿದರು ಅಂತ ಸಿವಿಲ್ ಕೋರ್ಟಿನಲ್ಲಿ ಸಾಬೀತು ಮಾಡಬೇಕಾಗುತ್ತೆ. ಅದಕ್ಕೇ ಎಸ್‌ಒಎಚ್, ಅಪಘಾತ, ನೀರು ನುಗ್ಗಿದ ಇತಿಹಾಸ ಇವನ್ನೆಲ್ಲ ಮಾರಾಟ ಒಪ್ಪಂದದಲ್ಲೇ ಬರೆಸಿ ಸಹಿ ಹಾಕಿಸಿಕೊಳ್ಳಬೇಕು.

ಇದು ಬರೀ ಕೊಳ್ಳುವವರ ಜಾಗ್ರತೆಯ ಪ್ರಶ್ನೆಯಲ್ಲ

ಸಾರ್ವಜನಿಕ ಹಣ ಎತ್ತ ಹರಿದಿದೆ ಅಂತ ನೋಡಿ. ಹೊಸ ಇವಿಗೆ ಜಿಎಸ್‌ಟಿ ಆಗಸ್ಟ್ 2019ರಿಂದ ಬರೀ 5%. 2019ರ ಏಪ್ರಿಲ್‌ನಿಂದ 2023ರ ಮಾರ್ಚ್‌ವರೆಗೆ ಮಂಜೂರಾದ ಇವಿ ಸಾಲದ ಬಡ್ಡಿಗೆ ವರ್ಷಕ್ಕೆ 1.5 ಲಕ್ಷದವರೆಗೆ ಆದಾಯ ತೆರಿಗೆ ವಿನಾಯಿತಿ ಸಿಕ್ಕಿತು. ಇವೆಲ್ಲ ಹೋದದ್ದು ಹೊಸ ಕಾರು ಕೊಳ್ಳುವ ಶಕ್ತಿ ಇದ್ದವರಿಗೆ. ಹಳೆಯ ಇವಿಗೆ? ಡಿಸೆಂಬರ್ 2024ರ ಜಿಎಸ್‌ಟಿ ಕೌನ್ಸಿಲ್ ಸಭೆ, ನೋಂದಾಯಿತ ಡೀಲರ್‌ಗಳ ಮಾರ್ಜಿನ್ ಮೇಲಿನ ತೆರಿಗೆಯನ್ನು 12%ರಿಂದ 18%ಕ್ಕೆ ಏರಿಸಿತು. ಅಂದರೆ ಮೊದಲ ಮಾಲೀಕರಿಗೆ ರಿಯಾಯಿತಿ ಮತ್ತು ಲೈಫ್‌ಟೈಮ್ ವಾರಂಟಿ, ಎರಡನೇ ಮಾಲೀಕರಿಗೆ ಹೆಚ್ಚು ತೆರಿಗೆ ಮತ್ತು ಕುಗ್ಗಿದ ವಾರಂಟಿ.

ಬೇರೆ ದಾರಿ ಇಲ್ಲವೆಂದಲ್ಲ. ವಿಶ್ವಸಂಸ್ಥೆಯ ವಾಹನ ನಿಯಮಗಳ ವೇದಿಕೆ 2022ರಲ್ಲೇ ಇವಿ ಬ್ಯಾಟರಿ ಬಾಳಿಕೆಗೆ ಜಾಗತಿಕ ಮಾನದಂಡ ರೂಪಿಸಿತು: 5 ವರ್ಷ ಅಥವಾ 1 ಲಕ್ಷ ಕಿ.ಮೀ.ಗೆ ಕನಿಷ್ಠ 80%, 8 ವರ್ಷ ಅಥವಾ 1.6 ಲಕ್ಷ ಕಿ.ಮೀ.ಗೆ ಕನಿಷ್ಠ 70%. ಯುರೋಪಿನ 2023ರ ಬ್ಯಾಟರಿ ಕಾನೂನು, ಬ್ಯಾಟರಿಯನ್ನು ಕಾನೂನುಬದ್ಧವಾಗಿ ಕೊಂಡವರಿಗೆ ಅದರ ಆರೋಗ್ಯದ ಮಾಹಿತಿ ಓದುವ ಹಕ್ಕು ಕೊಟ್ಟಿದೆ. 2027ರ ಫೆಬ್ರವರಿಯಿಂದ ಅಲ್ಲಿ ಇವಿ ಬ್ಯಾಟರಿಗಳಿಗೆ ಡಿಜಿಟಲ್ ಪಾಸ್‌ಪೋರ್ಟ್ ಕಡ್ಡಾಯ. ನಮ್ಮಲ್ಲೂ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ಡಿಸೆಂಬರ್ 2022ರಲ್ಲಿ ರೈಟ್ ಟು ರಿಪೇರ್ ಪೋರ್ಟಲ್ ತೆರೆದಿದೆ, ಅದರಲ್ಲಿ ವಾಹನಗಳೂ ಸೇರಿವೆ. ಆದರೆ ಪೋರ್ಟಲ್ ಬೇರೆ, ಕಾನೂನಿನ ಹಕ್ಕು ಬೇರೆ.

2001ರಲ್ಲಿ ರೇವಾ ಕಾರು ಹೊರಬಂದದ್ದು ಬೆಂಗಳೂರಿನಿಂದ. 2017ರಲ್ಲಿ ದೇಶದಲ್ಲೇ ಮೊದಲು ಇವಿ ನೀತಿ ತಂದದ್ದು ಕರ್ನಾಟಕ. ಈ ರಾಜ್ಯ ಕೇಳಬಹುದಾದ ಬೇಡಿಕೆಗಳು ಮೂರು: ವಾರಂಟಿ ಮಾಲೀಕರ ಹೆಸರಿಗಲ್ಲ, ಬ್ಯಾಟರಿಗೆ ಅಂಟಿಕೊಂಡಿರಬೇಕು. ಎಸ್‌ಒಎಚ್ ಕಾರಿನ ಪರದೆಯಲ್ಲೇ ಕಾಣಬೇಕು. ಕ್ಲೇಮ್ ಜಗಳವಾದಾಗ ಅಳೆಯುವವರು ಕಂಪನಿಯವರಾಗಿರಬಾರದು.

ಭಾರತದಲ್ಲಿ ಎಷ್ಟೋ ಕುಟುಂಬಗಳ ಮೊದಲ ಕಾರು ಇನ್ನೊಬ್ಬರು ಓಡಿಸಿ ಬಿಟ್ಟ ಕಾರೇ ಆಗಿರುತ್ತೆ. ಇವಿ ಅವರಿಗೂ ತಲುಪಬೇಕಾದರೆ, ಭರವಸೆಯೂ ಕಾರಿನ ಜೊತೆಗೇ ಕೈ ಬದಲಾಗಬೇಕು.