ಎತ್ತರದ ಊರಿನಲ್ಲಿ ಮೊದಲ ಎರಡು ರಾತ್ರಿ

ಸಂಜೆ ಲಗ್ಗೆರೆಯ ಮನೆಯಲ್ಲಿ ಮುದ್ದೆ ಸಾರು ಉಂಡು ಹೊರಟವರು ದೇವನಹಳ್ಳಿಯಲ್ಲಿ ವಿಮಾನ ಹತ್ತಿ, ದೆಹಲಿಯಲ್ಲಿ ಇನ್ನೊಂದಕ್ಕೆ ಬದಲಾಯಿಸಿಕೊಂಡರೆ, ಮರುದಿನ ಬೆಳಗಿನ ತಿಂಡಿಯ ಹೊತ್ತಿಗೆ ಲಡಾಖ್‌ನ ಲೇಹ್ ಪಟ್ಟಣದಲ್ಲಿರಬಹುದು. ಪೀಣ್ಯದ ಪಕ್ಕದ ಲಗ್ಗೆರೆ, ಬೆಂಗಳೂರಿನ ಉಳಿದ ಬಡಾವಣೆಗಳಂತೆಯೇ, ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಲೇಹ್ ಇರುವುದು ಸುಮಾರು 11,500 ಅಡಿಯಲ್ಲಿ. ಅಂದರೆ ಒಂದು ರಾತ್ರಿಯಲ್ಲಿ ಎಂಟೂವರೆ ಸಾವಿರ ಅಡಿ ಏರಿದಂತಾಯಿತು. ಕಾಲು ಒಂದು ಮೆಟ್ಟಿಲನ್ನೂ ಹತ್ತಿರುವುದಿಲ್ಲ. ಅದೇ ತೊಂದರೆ.

ಪರವೂರಿಗೆ ಹೋದಾಗ ತಂಗುವ ಜಾಗವನ್ನು ಆರಿಸುವುದಕ್ಕೆ ನಮ್ಮಲ್ಲಿ ಹಳೆಯ ಕ್ರಮವೊಂದಿದೆ. ಬಸ್ ನಿಲ್ದಾಣಕ್ಕೆ, ಇಲ್ಲವೇ ರೈಲು ನಿಲ್ದಾಣಕ್ಕೆ ಹತ್ತಿರವಿರಬೇಕು, ಬಾಡಿಗೆ ಕೈಗೆಟುಕಬೇಕು, ಬಿಸಿನೀರು ಬರಬೇಕು. ಗುಬ್ಬಿ ತೋಟದಪ್ಪನವರು ಬೆಂಗಳೂರಿನಲ್ಲಿ ಛತ್ರ ಕಟ್ಟಿಸಿದ್ದು ರೈಲು ನಿಲ್ದಾಣದ ಬಳಿಯಲ್ಲೇ. ಮೆಜೆಸ್ಟಿಕ್ ಸುತ್ತ ಲಾಡ್ಜುಗಳು ಹುಟ್ಟಿಕೊಂಡದ್ದೂ ಇದೇ ಲೆಕ್ಕದ ಮೇಲೆ. ಲೇಹ್‌ನಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ಕೋಣೆ ಎಷ್ಟು ಚೆನ್ನಾಗಿದೆ ಎಂಬುದಕ್ಕಿಂತ, ಆ ಕೋಣೆ ಎಷ್ಟು ಎತ್ತರದಲ್ಲಿದೆ ಮತ್ತು ಅದರಲ್ಲಿ ಎಷ್ಟು ದಿನ ಸುಮ್ಮನೆ ಮಲಗಿರಲು ಸಾಧ್ಯ ಎಂಬುದು ಮುಖ್ಯ. ಹೀಗೇಕೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಎತ್ತರದ ತ್ರಾಸ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 8,000 ಅಡಿ ದಾಟಿದ ಮೇಲೆ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಯೇ 6,330 ಅಡಿ. ನೆರೆಯ ಊಟಿ 7,350 ಅಡಿ. ಹಾಗಾಗಿ ಕನ್ನಡನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ತಮ್ಮ ನೆಲದಲ್ಲಿ ಈ ಕಾಯಿಲೆಯ ಪರಿಚಯವಾಗುವ ಸಂಭವವೇ ಇಲ್ಲ. ಏದುಸಿರು, ಉಬ್ಬಸ, ತಲೆಸುತ್ತು ಎಂದೆಲ್ಲ ಹೇಳುತ್ತೇವೆಯೇ ಹೊರತು ಇದಕ್ಕೆಂದೇ ಒಂದು ಮನೆಮಾತು ಕನ್ನಡದಲ್ಲಿ ಬೆಳೆದಿಲ್ಲ. ಮನೆಮದ್ದೂ ಇಲ್ಲ. ಲಡಾಖಿನವರಿಗೆ ಹೆಸರಿದೆ. 'ಕಣಿವೆದಾರಿಯ ವಿಷ' ಎಂಬ ಅರ್ಥದ ಅವರ ಮಾತನ್ನು 19ನೇ ಶತಮಾನದ ಪ್ರವಾಸಿಗಳು ಬರೆದಿಟ್ಟಿದ್ದಾರೆ. ಯಾವುದೋ ಗಿಡದ ವಾಸನೆಯಿಂದ ತಲೆನೋವು, ವಾಂತಿ ಬರುತ್ತದೆಂದು ಜನ ನಂಬಿದ್ದರು. ಅದಕ್ಕೂ ಬಹಳ ಹಿಂದೆ, ಚೀನಾದ ಹಾನ್ ಅರಸರ ಕಾಲದ ಇತಿಹಾಸ ಗ್ರಂಥದಲ್ಲಿ ಪಶ್ಚಿಮದ ದಾರಿಯ ಬೆಟ್ಟಗಳನ್ನು 'ದೊಡ್ಡ ತಲೆನೋವಿನ ಬೆಟ್ಟ', 'ಚಿಕ್ಕ ತಲೆನೋವಿನ ಬೆಟ್ಟ' ಎಂದು ಕರೆಯಲಾಗಿದೆ. ಅಲ್ಲಿ ಮನುಷ್ಯರಷ್ಟೇ ಅಲ್ಲ, ದನಕತ್ತೆಗಳೂ ನರಳುತ್ತಿದ್ದವಂತೆ.

ಆದರೆ ಕನ್ನಡಿಗರು ಅಷ್ಟು ಎತ್ತರಕ್ಕೆ ಹೋಗಿಯೇ ಇರಲಿಲ್ಲವೆಂದಲ್ಲ. ಕೇದಾರನಾಥ ದೇಗುಲವಿರುವುದು 11,750 ಅಡಿಯಲ್ಲಿ, ಲೇಹ್‌ಗಿಂತ ತುಸು ಮೇಲೆಯೇ. ವೀರಶೈವ ಪಂಚಪೀಠಗಳಲ್ಲಿ ಕೇದಾರವೂ ಒಂದು. ಅಲ್ಲಿನ ಪ್ರಧಾನ ಗುರು ರಾವಲರು ಕರ್ನಾಟಕದ ವೀರಶೈವ ಪರಂಪರೆಯಿಂದ ಬರುವವರು. ನಮ್ಮ ಹಳ್ಳಿಗಳಿಂದ ಕೇದಾರಕ್ಕೆ ಹೋಗಿಬಂದವರ ಕಥೆಗಳಲ್ಲಿ ಚಳಿ, ಹಿಮ, ಹಸಿವು, ಜಾರುವ ದಾರಿ ಎಲ್ಲ ಇರುತ್ತವೆ; ಗಾಳಿ ಸಾಲದ ಮಾತು ಮಾತ್ರ ಅಪರೂಪ. ಕಾರಣ ಸರಳ. ಅವರು ನಡೆದು ಹೋಗುತ್ತಿದ್ದರು.

ಮೋಟಾರು ರಸ್ತೆ ಬರುವ ಮುನ್ನ ಯಾತ್ರಿಕರು ಹರಿದ್ವಾರದಿಂದಲೇ ಕಾಲ್ನಡಿಗೆ ಹಿಡಿಯುತ್ತಿದ್ದರು. ದಾರಿಯುದ್ದಕ್ಕೂ ಕೆಲವು ಮೈಲಿಗೊಂದರಂತೆ 'ಚಟ್ಟಿ'ಗಳಿದ್ದವು. ಅಂಗಡಿಯವನ ಬಳಿ ಅಕ್ಕಿ, ಹಿಟ್ಟು, ಸೌದೆ ಕೊಂಡರೆ ಮಲಗಲು ಜಾಗ ಪುಕ್ಕಟೆ. ರುದ್ರಪ್ರಯಾಗ ಹೆಚ್ಚುಕಡಿಮೆ ಬೆಂಗಳೂರಿನಷ್ಟೇ ಎತ್ತರ. ಅಲ್ಲಿಂದ ಗುಪ್ತಕಾಶಿ 4,300 ಅಡಿ, ಗೌರೀಕುಂಡ 6,500 ಅಡಿ, ಆಮೇಲೆ ರಾಮ್‌ಬಾಡಾ, ಕೊನೆಗೆ ಕೇದಾರ. ಚಟ್ಟಿಯಲ್ಲಿ ತಂಗುತ್ತ ಹೋದವನು ತನಗರಿವಿಲ್ಲದೆ ಪ್ರತಿ ರಾತ್ರಿ ಸ್ವಲ್ಪಸ್ವಲ್ಪವೇ ತೆಳುವಾದ ಗಾಳಿಗೆ ಮೈ ಒಗ್ಗಿಸಿಕೊಳ್ಳುತ್ತಿದ್ದ. ಇಂದು ಹೆಲಿಕಾಪ್ಟರ್ ಏರಿದರೆ ಫಾಟಾದಿಂದ ಕೇದಾರಕ್ಕೆ ಹತ್ತು ನಿಮಿಷಗಳ ಮಾತು. ಗೌರೀಕುಂಡದಿಂದ ನಡೆಯುವವರಿಗೂ ಹಳೆಯ ಅನುಕೂಲ ಉಳಿದಿಲ್ಲ; ಅರ್ಧದಾರಿಯ ತಂಗುದಾಣವಾಗಿದ್ದ ರಾಮ್‌ಬಾಡಾ 2013ರ ಜೂನ್ ಪ್ರವಾಹದಲ್ಲಿ ಕೊಚ್ಚಿಹೋಯಿತು.

ಲೇಹ್‌ನ ಕಥೆಯೂ ಹೀಗೇ ಆರಂಭವಾಗುತ್ತದೆ. ಯಾರ್ಕಂದ್, ಕಾಶ್ಮೀರ, ಟಿಬೆಟ್, ಪಂಜಾಬಿನ ವ್ಯಾಪಾರಿಗಳು ಸೇರುತ್ತಿದ್ದ ಊರು ಅದು. ಶ್ರೀನಗರದಿಂದ ಲೇಹ್‌ಗೆ ಹದಿನಾರು ಮಜಲು. 11,575 ಅಡಿಯ ಝೋಜಿಲಾ, ಆಮೇಲೆ 13,480 ಅಡಿಯ ಫೋತುಲಾ, ನಡುನಡುವೆ ತಗ್ಗಿನ ಕಣಿವೆಗಳಲ್ಲಿ ರಾತ್ರಿ ವಾಸ. ಹಗಲು ಮೇಲೇರಿ ರಾತ್ರಿ ಕೆಳಗಿಳಿದು ಮಲಗುವ ಈ ಕ್ರಮವನ್ನೇ ಇಂದಿನ ಪರ್ವತಾರೋಹಿಗಳು ಶಾಸ್ತ್ರವೆಂಬಂತೆ ಪಾಲಿಸುತ್ತಾರೆ. 1870ರಲ್ಲಿ ಬ್ರಿಟಿಷರಿಗೂ ಮಹಾರಾಜ ರಣಬೀರ್ ಸಿಂಗರಿಗೂ ಆದ ವ್ಯಾಪಾರ ಒಪ್ಪಂದದ ನಂತರ ದಾರಿಯಲ್ಲಿ ತಂಗುಮನೆಗಳು, ದಿನಸಿ ಉಗ್ರಾಣಗಳು ವ್ಯವಸ್ಥಿತವಾಗಿ ನಡೆದವು. ಲೇಹ್‌ನ ಸರಾಯಿಗಳಲ್ಲಿ ವ್ಯಾಪಾರಿಗಳು ವಾರಗಟ್ಟಲೆ ಉಳಿದು ಕುದುರೆಗಳಿಗೆ ಮೇವು ಹಾಕಿ ಕೊಬ್ಬಿಸಿ, ಆಮೇಲೆ 18,000 ಅಡಿ ಮೀರಿದ ಕಾರಕೋರಂ ಕಣಿವೆದಾರಿಗೆ ಹೊರಡುತ್ತಿದ್ದರು. ಅಷ್ಟಾದರೂ ಆ ದಾರಿ ಸತ್ತ ಕುದುರೆಗಳ ಮೂಳೆಗಳಿಂದಲೇ ಗುರುತು ಸಿಗುತ್ತಿತ್ತೆಂದು ಕಂಡವರೆಲ್ಲ ಬರೆದಿದ್ದಾರೆ. ನಿಧಾನವೂ ಎಲ್ಲರನ್ನೂ ಉಳಿಸಲಿಲ್ಲ.

ಈ ನಿಧಾನಕ್ಕೆ ಪೆಟ್ಟು ಬಿದ್ದ ವರ್ಷ 1948. ದಾಳಿಕೋರರು ಲೇಹ್‌ನತ್ತ ಬರುತ್ತಿದ್ದಾಗ ಲಾಹೌಲಿನ ಮೇಜರ್ ಪೃಥ್ವಿ ಚಂದ್ ಸಣ್ಣದೊಂದು ತುಕಡಿಯೊಂದಿಗೆ ಫೆಬ್ರವರಿಯ ಹಿಮದಲ್ಲಿ ಝೋಜಿಲಾ ದಾಟಿ, ಮಾರ್ಚ್‌ನಲ್ಲಿ ಲೇಹ್ ತಲುಪಿದರು. ಅವರ ಜೊತೆಗಿದ್ದ ಲಡಾಖಿ ಎಂಜಿನಿಯರ್ ಸೋನಂ ನೋರ್ಬು ಸ್ಥಳೀಯರನ್ನು ಕೂಡಿಸಿ ಸಿಂಧೂ ನದಿಯ ಬಯಲಿನಲ್ಲಿ ವಿಮಾನ ಇಳಿಯುವ ಪಟ್ಟಿಯೊಂದನ್ನು ಸಿದ್ಧಪಡಿಸಿದರು. ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ಅದರ ಮೇಲೆ ಡಕೋಟಾ ವಿಮಾನ ಇಳಿಸಿದರು. ಆ ವಿಮಾನದಲ್ಲಿ ಬಂದ ಸೇನಾಧಿಕಾರಿ ನಮ್ಮ ಮಡಿಕೇರಿಯಲ್ಲಿ ಹುಟ್ಟಿದ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ. ಡಕೋಟಾದ ಒಳಗೆ ಗಾಳಿಯ ಒತ್ತಡ ಕಾಯುವ ಏರ್ಪಾಡೂ ಇರಲಿಲ್ಲ. ನೆಲದ ಮೇಲೆ ವಾರಗಳ ದಾರಿ ಆಕಾಶದಲ್ಲಿ ಒಂದು ಬೆಳಗಿನ ಕೆಲಸವಾಯಿತು. ಪಟ್ಟಣ ಉಳಿಯಿತು.

ವೇಗದ ಬೆಲೆ ಎಷ್ಟೆಂದು ದೇಶಕ್ಕೆ ಗೊತ್ತಾದದ್ದು 1962ರಲ್ಲಿ. ಬಯಲುಸೀಮೆಯ ತುಕಡಿಗಳನ್ನು ದಿಢೀರನೆ ಹಿಮಾಲಯದ ನೆತ್ತಿಗೆ ಕಳಿಸಲಾಯಿತು. ಗುಂಡು ತಾಗದೆಯೇ ಗಟ್ಟಿಮುಟ್ಟಾದ ಯುವಕರು ಕೆಮ್ಮುತ್ತ, ನೊರೆ ಉಗುಳುತ್ತ ಪ್ರಾಣಬಿಟ್ಟರು. ಇಂಥದ್ದನ್ನು ವೈದ್ಯರು ಹಿಂದೆ ನ್ಯುಮೋನಿಯಾ ಎಂದೇ ಭಾವಿಸುತ್ತಿದ್ದರು. ಎತ್ತರದಿಂದಲೇ ಶ್ವಾಸಕೋಶಕ್ಕೆ ನೀರು ತುಂಬಬಹುದೆಂದು ಅಮೆರಿಕದ ಚಾರ್ಲ್ಸ್ ಹ್ಯೂಸ್ಟನ್ 1960ರಲ್ಲಷ್ಟೇ ಬರೆದಿದ್ದರು. ಭಾರತೀಯ ಸೇನೆಯ ವೈದ್ಯ ಇಂದರ್ ಸಿಂಗ್ ಮತ್ತು ಸಹೋದ್ಯೋಗಿಗಳು ಪೀಡಿತ ಯೋಧರನ್ನು ಪರೀಕ್ಷಿಸಿ 1965ರಲ್ಲಿ ಒಂದು, 1969ರಲ್ಲಿ ಇನ್ನೊಂದು ಲೇಖನ ಪ್ರಕಟಿಸಿದರು. ಎರಡನೆಯದರಲ್ಲಿ 1,925 ಯೋಧರ ವಿವರಗಳಿದ್ದವು. ಜಗತ್ತಿನ ವೈದ್ಯರು ಇಂದಿಗೂ ಉಲ್ಲೇಖಿಸುವ ಅಧ್ಯಯನವಿದು. ಮೈಕಟ್ಟು ಗಟ್ಟಿಯಿದ್ದರೆ ರಕ್ಷಣೆಯಿಲ್ಲ. ಎತ್ತರಕ್ಕೆ ಒಗ್ಗಿದ್ದವನೂ ರಜೆಗೆ ಊರಿಗೆ ಹೋಗಿ ಮರಳಿದರೆ ಮತ್ತೆ ಹೊಸಬನೇ ಎಂಬುದು ಸೇನೆ ಕಲಿತ ಪಾಠ. ಇಂದು 9,000 ಅಡಿಯ ಮೇಲಕ್ಕೆ ಹೋಗುವ ಯೋಧನಿಗೆ ಮೊದಲ ಹಂತದಲ್ಲಿ ಆರು ದಿನ, 12,000 ದಾಟುವಾಗ ನಾಲ್ಕು ದಿನ, 15,000 ದಾಟುವಾಗ ಮತ್ತೆ ನಾಲ್ಕು ದಿನ ಒಗ್ಗಿಕೊಳ್ಳುವ ಅವಧಿ ಕಡ್ಡಾಯ. ಮೊದಲೆರಡು ದಿನ ವಿಶ್ರಾಂತಿಯೇ ಡ್ಯೂಟಿ.

ದೇಹದೊಳಗೆ ನಡೆಯುವುದೇನು? ಎತ್ತರದಲ್ಲಿ ಗಾಳಿಯಲ್ಲಿನ ಆಮ್ಲಜನಕದ ಪ್ರಮಾಣ ಬದಲಾಗುವುದಿಲ್ಲ, ಅಲ್ಲೂ ನೂರಕ್ಕೆ 21 ಭಾಗವೇ. ಬದಲಾಗುವುದು ಒತ್ತಡ. ಲೇಹ್‌ನಲ್ಲಿ ಅದು ಸಮುದ್ರಮಟ್ಟದ ಮೂರನೇ ಎರಡರಷ್ಟು. ಬೆಂಗಳೂರಿನಲ್ಲಿ ಒಂದು ಉಸಿರಿಗೆ ದಕ್ಕುವ ಆಮ್ಲಜನಕದ ಮುಕ್ಕಾಲು ಪಾಲಿಗೂ ಕಡಿಮೆ ಅಲ್ಲಿ ದಕ್ಕುತ್ತದೆ. (ನೀರು ಸುಮಾರು 88 ಡಿಗ್ರಿಗೇ ಕುದಿಯುವುದರಿಂದ ಕುಕ್ಕರ್ ಇಲ್ಲದಿದ್ದರೆ ತೊಗರಿಬೇಳೆ ಬೇಯುವುದು ಕಷ್ಟ!) ಕೊರತೆ ತುಂಬಲು ಉಸಿರಾಟ ಜೋರಾಗುತ್ತದೆ. ಆಗ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗಿ ರಕ್ತ ಕ್ಷಾರವಾಗುತ್ತದೆ. ಅದನ್ನು ಸರಿದೂಗಿಸುವುದು ಮೂತ್ರಪಿಂಡ. ಅದಕ್ಕೆ ಕೆಲವು ದಿನಗಳು ಬೇಕು. ಈ ನಡುವಿನ ಅವಧಿಯಲ್ಲೇ ತಲೆನೋವು, ಓಕರಿಕೆ, ಊಟ ಸೇರದಿರುವುದು, ನಿದ್ದೆಯಲ್ಲಿ ಉಸಿರು ನಿಂತಂತಾಗಿ ಬೆಚ್ಚಿ ಏಳುವುದು. ಅನೇಕರಿಗೆ ವಿಮಾನ ಇಳಿದೊಡನೆ ಏನೂ ಆಗುವುದಿಲ್ಲ. ಸಂಜೆಯೋ ರಾತ್ರಿಯೋ ಶುರುವಾಗುತ್ತದೆ. ಬೆಳಿಗ್ಗೆ ಚೆನ್ನಾಗಿದ್ದೇನೆಂದು ಊರು ಸುತ್ತಿ ಬಂದವರು ಹಾಸಿಗೆ ಹಿಡಿಯುವುದು ಹೀಗೆ.

ಲೇಹ್ ಪ್ರವಾಸಿಗರಿಗೆ ತೆರೆದದ್ದು 1974ರಲ್ಲಿ. ಆಗ ಬಂದವರಿಗೆ ಮನೆಯವರೇ ಒಂದೆರಡು ಕೋಣೆ ಬಿಟ್ಟುಕೊಡುತ್ತಿದ್ದರು. ಚಂಗ್‌ಸ್ಪಾದಂಥ ಕಡೆಗಳಲ್ಲಿ ಹೊಲ, ವಿಲೋ ಮರಗಳ ನಡುವಿನ ಇಂಥ ಗೆಸ್ಟ್‌ಹೌಸ್‌ಗಳು ಈಗಲೂ ಇವೆ, ಪಕ್ಕದಲ್ಲೇ ನಾಲ್ಕಂತಸ್ತಿನ ಹೋಟೆಲುಗಳೂ ಎದ್ದಿವೆ. ವಿಮಾನ ನಿಲ್ದಾಣ 10,680 ಅಡಿಯಲ್ಲಿದೆ, ಊರು ಅಲ್ಲಿಂದ ಮೇಲಕ್ಕೆ ಏರುತ್ತ ಹೋಗುತ್ತದೆ. ಅರಮನೆಯ ಕೆಳಗಿನ ಹಳೇ ಪೇಟೆಯ ಕಡಿದಾದ ಓಣಿಯಲ್ಲೋ ಶಾಂತಿ ಸ್ತೂಪದ ಮಗ್ಗುಲಲ್ಲೋ ಕೋಣೆ ಹಿಡಿದರೆ ನೋಟ ಚೆಂದ. ಆದರೆ ಮೊದಲ ದಿನ ಸೂಟ್‌ಕೇಸ್ ಹೊತ್ತು ಹತ್ತುವ ಮೆಟ್ಟಿಲು ಒಂದೊಂದೂ ಲೆಕ್ಕಕ್ಕೆ ಬರುತ್ತದೆ. ಹೊಸಬರಿಗೆ ತಗ್ಗಿನ ಭಾಗದ, ನೆಲ ಅಂತಸ್ತಿನ, ಮನೆಯವರು ಅಲ್ಲೇ ವಾಸವಿರುವ ಗೆಸ್ಟ್‌ಹೌಸ್ ಮೇಲು. ರಾತ್ರಿ ಎರಡು ಗಂಟೆಗೆ ಬಾಗಿಲು ತಟ್ಟಿದರೆ ಏಳುವವರು ಬೇಕು, ಆಸ್ಪತ್ರೆಗೆ ವಾಹನ ಸಿಗಬೇಕು. ಇಡೀ ಪ್ರವಾಸದ ದಿನಗಳನ್ನು ಎಣಿಸಿ ಕೋಣೆ ಕಾದಿರಿಸುವಾಗ ಈ ಊರಿಗೇ ಎರಡು ರಾತ್ರಿ ಬರೆದಿಡಬೇಕು. ಮದ್ಯ, ನಿದ್ದೆಮಾತ್ರೆ ಎರಡೂ ಉಸಿರಾಟವನ್ನು ಕುಗ್ಗಿಸುವುದರಿಂದ ದೂರವಿಡುವುದು ಕ್ಷೇಮ. ಅಸೆಟಾಜೋಲಮೈಡ್ ಎಂಬ ಮಾತ್ರೆ ಒಗ್ಗಿಕೊಳ್ಳುವುದನ್ನು ಚುರುಕುಗೊಳಿಸುತ್ತದೆ; ಊರು ಬಿಡುವ ಮುನ್ನವೇ ವೈದ್ಯರನ್ನು ಕೇಳಿ ತೆಗೆದುಕೊಳ್ಳಬೇಕಾದ ಔಷಧ ಅದು. ಕುಳಿತಲ್ಲೇ ಏದುಸಿರು ಬಂದರೆ, ನಡೆಯುವಾಗ ಕುಡಿದವರಂತೆ ಓಲಾಡಿದರೆ, ಕಾಯುವಂತಿಲ್ಲ. ತಕ್ಷಣ ಆಸ್ಪತ್ರೆ, ತಗ್ಗಿನ ಊರು.

ಬೈಕಿನಲ್ಲಿ ಹೋಗುವ ಯುವಕರು ತಾವು ರಸ್ತೆಯವರು, ನಿಧಾನವಾಗಿ ಏರುತ್ತೇವೆ ಎಂದುಕೊಳ್ಳುತ್ತಾರೆ. ಅದು ಯಾವ ರಸ್ತೆ ಎಂಬುದರ ಮೇಲೆ ನಿಂತಿದೆ. ಶ್ರೀನಗರದ ದಾರಿಯಲ್ಲಿ ರಾತ್ರಿ ತಂಗುವ ಕಾರ್ಗಿಲ್ 8,780 ಅಡಿ, ಹಳೆಯ ಮಜಲಿನ ಗುಣ ಅದಕ್ಕಿನ್ನೂ ಇದೆ. ಮನಾಲಿ ದಾರಿಯಲ್ಲಿ ಅನೇಕರು ಮಲಗುವುದು ಸರ್ಚು ಬಯಲಿನ ಡೇರೆಗಳಲ್ಲಿ, 14,000 ಅಡಿಯಲ್ಲಿ, ಅಂದರೆ ಲೇಹ್‌ಗಿಂತ ಎರಡೂವರೆ ಸಾವಿರ ಅಡಿ ಮೇಲೆ! 2020ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ಮನಾಲಿಯಿಂದ ಅಲ್ಲಿಗೆ ಮುಟ್ಟುವ ಸಮಯ ಇನ್ನೂ ಇಳಿದಿದೆ. ಕೇಲಾಂಗ್‌ನಲ್ಲೋ ಜಿಸ್ಪಾದಲ್ಲೋ ಒಂದು ರಾತ್ರಿ ಹೆಚ್ಚಿಗೆ ಕಳೆದರೆ ನಷ್ಟ ಒಂದು ದಿನದ ಬಾಡಿಗೆ ಮಾತ್ರ. ಲೇಹ್ ಸೇರಿದ ಮೇಲೂ ಇದೇ ವಿವೇಕ ಬೇಕು: ಪಾಂಗಾಂಗ್ ಸರೋವರದ ದಂಡೆಯ ಡೇರೆ ಸುಮಾರು 13,900 ಅಡಿ, ನುಬ್ರಾ ಕಣಿವೆಯ ದಿಸ್ಕಿತ್ 10,300 ಅಡಿ. ಮೊದಲು ಯಾವುದೆಂದು ಬೇರೆ ಹೇಳಬೇಕಿಲ್ಲ.

ಲೇಹ್‌ನಲ್ಲಿ ವಿಮಾನದಿಂದಿಳಿದು ಕಾಯಿಲೆ ಬಿದ್ದವರನ್ನು ಕರೆದೊಯ್ಯುವ ಸರ್ಕಾರಿ ಆಸ್ಪತ್ರೆಗೆ ಎಸ್‌ಎನ್‌ಎಂ ಆಸ್ಪತ್ರೆ ಎಂದು ಹೆಸರು. ಪೂರ್ತಿ ಬಿಡಿಸಿದರೆ ಸೋನಂ ನೋರ್ಬು ಸ್ಮಾರಕ ಆಸ್ಪತ್ರೆ. 1948ರಲ್ಲಿ ವಿಮಾನಪಟ್ಟಿ ನಿರ್ಮಿಸಿದ ಎಂಜಿನಿಯರರೇ ಇವರು.

ಲೇಹ್‌ಗೂ ಮೇಲೆ, ಸುಮಾರು 14,800 ಅಡಿಯ ಹಾನ್ಲೆಯಲ್ಲಿ ಬೆಂಗಳೂರಿನದೇ ಒಂದು ಮನೆಯಿದೆ. ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ ಅಲ್ಲಿ ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಸ್ಥಾಪಿಸಿದ್ದು 2000ದಲ್ಲಿ. ತೇವವಿಲ್ಲದ ತೆಳುಗಾಳಿ ನಕ್ಷತ್ರ ನೋಡಲು ಬಲು ಒಳ್ಳೆಯದು, ನೋಡುವವರಿಗೆ ಅಷ್ಟು ಒಳ್ಳೆಯದಲ್ಲ. ದುರಸ್ತಿಗೆಂದು ಅಲ್ಲಿಗೆ ಹೋಗಬೇಕಾದವರು ಮೊದಲು ಲೇಹ್‌ನಲ್ಲಿ ತಂಗಿ ಒಗ್ಗಿಕೊಂಡೇ ಮುಂದುವರಿಯುತ್ತಾರೆ. ಆಕಾಶ ನೋಡುವ ವಿಜ್ಞಾನಿಗಳು ಅಷ್ಟು ದೂರ ಹೋಗುವುದೇ ಇಲ್ಲ. ಬೆಂಗಳೂರಿನ ಮಗ್ಗುಲ ಹೊಸಕೋಟೆಯ ಕೇಂದ್ರದಲ್ಲಿ ಕುಳಿತು ಉಪಗ್ರಹ ಸಂಪರ್ಕದ ಮೂಲಕ ರಾತ್ರಿಯಿಡೀ ಆ ದೂರದರ್ಶಕವನ್ನು ತಿರುಗಿಸುತ್ತಾರೆ, ಬೆಳಗಾದ ಮೇಲೆ 3,000 ಅಡಿ ಎತ್ತರದ ದಟ್ಟ ಗಾಳಿಯಲ್ಲೇ ನಿದ್ದೆ ಮಾಡುತ್ತಾರೆ.