ಉದ್ಯೋಗ ನೆರವಿನ ಸರ್ಕಾರಿ ನೀತಿಗಳು: ಮೈಸೂರು ಸಂಸ್ಥಾನದಿಂದ ಇಂದಿನ ಕರ್ನಾಟಕದವರೆಗೆ

ಕೆಲಸ ಹುಡುಕುವವರನ್ನು, ಅದರಲ್ಲೂ ಜಾತಿ, ಬಡತನ, ಹುಟ್ಟಿದ ಊರು ಅಥವಾ ಅಂಗವೈಕಲ್ಯದ ಕಾರಣಕ್ಕೆ ಹಿಂದೆ ಉಳಿದವರನ್ನು ದುಡಿಮೆಗೆ ಸೇರಿಸಲು ಸರ್ಕಾರ ಕೈಗೊಳ್ಳುವ ಕ್ರಮಗಳೇ ಉದ್ಯೋಗ ನೆರವಿನ ನೀತಿಗಳು. ನೇಮಕಾತಿಯಲ್ಲಿ ಮೀಸಲಾತಿ, ಉದ್ಯೋಗ ವಿನಿಮಯ ಕೇಂದ್ರ, ಕಸುಬಿನ ತರಬೇತಿ, ಸ್ವಂತ ಉದ್ಯೋಗಕ್ಕೆ ಸಾಲ, ನಿರುದ್ಯೋಗ ಭತ್ಯೆ ಇವೆಲ್ಲ ಇದರೊಳಗೆ ಬರುತ್ತವೆ. ಕರ್ನಾಟಕದಲ್ಲಿ ಈ ಇತಿಹಾಸ ಬಹುಮಟ್ಟಿಗೆ ಸರ್ಕಾರಿ ಹುದ್ದೆ ಯಾರ ಪಾಲಿಗೆ ಎಂಬ ಪ್ರಶ್ನೆಯ ಸುತ್ತಲೇ ಬೆಳೆದಿದೆ. ಹುದ್ದೆಗಳನ್ನು ನ್ಯಾಯವಾಗಿ ಹಂಚುವ ವಿಚಾರದಲ್ಲಿ ಈ ನಾಡು ದೇಶದ ಹೆಚ್ಚಿನ ಭಾಗಗಳಿಗಿಂತ ಮೊದಲೇ ಎಚ್ಚೆತ್ತಿತು. ಆದರೆ ಯಾರ ಪರಿಚಯವೂ ಇಲ್ಲದ ಅಭ್ಯರ್ಥಿಯನ್ನು ಕೈಹಿಡಿದು ಹುದ್ದೆಯ ಬಾಗಿಲವರೆಗೆ ಕರೆತರುವ ಏರ್ಪಾಡು ಅಷ್ಟೇ ಕಾಳಜಿಯಿಂದ ಬೆಳೆಯಲಿಲ್ಲ.

ಈ ಹುದ್ದೆಗಳಿಗೆ ಬೇಕಾದ ಕಾಗದಪತ್ರದ ಕೆಲಸ ಹೆಚ್ಚಾಗಿ ನಡೆಯುವುದು ಬೆಂಗಳೂರಿನ ಮಲ್ಲೇಶ್ವರಂನಲ್ಲಿ. 1898ರ ಪ್ಲೇಗಿನ ನಂತರ ತುಂಬಿಕೊಂಡ ಈ ಬಡಾವಣೆಯ 6ನೇ ಕ್ರಾಸ್‌ನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಸುವ ಮಂಡಳಿಯಿದೆ. ಸಂಪಿಗೆ ರಸ್ತೆಯ 18ನೇ ಕ್ರಾಸ್‌ನಲ್ಲಿ ಪದವಿಪೂರ್ವ ಶಿಕ್ಷಣ ಇಲಾಖೆಯೂ ಕರ್ನಾಟಕ ಪರೀಕ್ಷಾ ಪ್ರಾಧಿಕಾರವೂ ಇವೆ. ಬೀದರಿನ ಹುಡುಗನಾಗಲಿ ಚಾಮರಾಜನಗರದ ಹುಡುಗಿಯಾಗಲಿ, ಜನ್ಮದಿನಾಂಕಕ್ಕೆ ದಾಖಲೆಯಾಗಿ ತೋರಿಸುವ ಅಂಕಪಟ್ಟಿ 6ನೇ ಕ್ರಾಸ್‌ನ ಮಂಡಳಿಯದು. ಗುಮಾಸ್ತೆ ಹುದ್ದೆಗೆ ಬೇಕಾದ ಬೆರಳಚ್ಚು, ಶೀಘ್ರಲಿಪಿ ಪರೀಕ್ಷೆಗಳನ್ನು ನಡೆಸುವುದೂ ಅದೇ ಮಂಡಳಿ. ಆಡಳಿತಕ್ಕೆ ಕನ್ನಡ ಬಂದ ಮೇಲೆ ಕನ್ನಡ ಟೈಪಿಂಗಿನ ಸೀನಿಯರ್ ಗ್ರೇಡ್ ಪಾಸಾದ ಹೆಣ್ಣುಮಕ್ಕಳು ಕಚೇರಿ ಸೇರಿದರು. ಎಷ್ಟೋ ಮನೆಗಳಲ್ಲಿ ಮೊದಲ ಸಂಬಳ ಬಂದದ್ದು ಆ ಒಂದು ಪ್ರಮಾಣಪತ್ರದಿಂದ.

ಮಿಲ್ಲರ್ ಸಮಿತಿ

ಹುದ್ದೆ ಹಂಚಿಕೆಯ ಮೊದಲ ಪ್ರಯತ್ನ 1874ರದು. ಆಗ ಮೈಸೂರು ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು. ಪೊಲೀಸ್ ಇಲಾಖೆಯ ಕೆಳ ಮತ್ತು ಮಧ್ಯಮ ದರ್ಜೆಯ ಹತ್ತು ಹುದ್ದೆಗಳಲ್ಲಿ ಎರಡು ಬ್ರಾಹ್ಮಣರಿಗೆ, ಎಂಟು ಉಳಿದ ಹಿಂದೂಗಳಿಗೆ, ಮುಸ್ಲಿಮರಿಗೆ ಮತ್ತು ಕ್ರೈಸ್ತರಿಗೆ ಎಂದು ಆದೇಶವಾಯಿತು. ಆದರೆ ಇಂಗ್ಲಿಷ್ ವಿದ್ಯೆ ಕೆಲವೇ ಮನೆಗಳಲ್ಲಿ ಇದ್ದುದರಿಂದ ಮೇಲಿನ ಹುದ್ದೆಗಳೂ ಆ ಮನೆಗಳಲ್ಲೇ ಉಳಿದವು. ಇಪ್ಪತ್ತನೇ ಶತಮಾನದ ಎರಡನೇ ದಶಕದ ಹೊತ್ತಿಗೂ ಜನಸಂಖ್ಯೆಯಲ್ಲಿ ಶೇ 4ಕ್ಕಿಂತ ಕಡಿಮೆಯಿದ್ದ ಬ್ರಾಹ್ಮಣರ ಕೈಯಲ್ಲೇ ಗೆಜೆಟೆಡ್ ಹುದ್ದೆಗಳ ಬಹುಪಾಲು ಇತ್ತು.

1917ರಲ್ಲಿ ಹುಟ್ಟಿದ ಬ್ರಾಹ್ಮಣೇತರರ ಸಂಘಟನೆ ಪ್ರಜಾಮಿತ್ರ ಮಂಡಳಿ ಮರುವರ್ಷ ನಾಲ್ವಡಿ ಕೃಷ್ಣರಾಜ ಒಡೆಯರ ಮುಂದೆ ಅಹವಾಲು ಇಟ್ಟಿತು. ಮಹಾರಾಜರು ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ದಿವಾನ್ ಎಂ. ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಶಾಲೆ ಮತ್ತು ವಿದ್ಯಾರ್ಥಿವೇತನ ಹೆಚ್ಚಿಸಿ ಎಲ್ಲರನ್ನೂ ಅರ್ಹರನ್ನಾಗಿ ಮಾಡಬೇಕು, ನೇಮಕಾತಿಗೆ ಅರ್ಹತೆಯೊಂದೇ ಅಳತೆಗೋಲಾಗಿರಬೇಕು ಎಂಬುದು ಅವರ ನಿಲುವು. ಈ ಭಿನ್ನಾಭಿಪ್ರಾಯವೂ ಒಂದು ಕಾರಣವಾಗಿ ಅವರು ದಿವಾನಗಿರಿ ಬಿಟ್ಟರು. ಅವರ ಕಾಲದಲ್ಲಿ ಶಾಲೆಗಳು ಹೆಚ್ಚಿದವು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಬಂತು. ಆ ಕೊಡುಗೆ ದೊಡ್ಡದು. ಆದರೂ ವಿದ್ಯೆಯೊಂದೇ ಸಾಕಾಗುತ್ತಿತ್ತು ಎಂದು ಒಪ್ಪುವುದು ಕಷ್ಟ. ಓದಿದ ಮೇಲೂ ಕರೆದು ಕೆಲಸ ಕೊಡುವ ಅಧಿಕಾರಿ ಬೇಕಿತ್ತು. ಆ ಅಧಿಕಾರಿ ತನಗೆ ಗೊತ್ತಿರುವವರ ನಡುವೆಯೇ ಆಳು ಹುಡುಕುತ್ತಿದ್ದ.

ಸಮಿತಿ 1919ರಲ್ಲಿ ವರದಿ ಕೊಟ್ಟಿತು. ಯಾವ ಸಮುದಾಯದಲ್ಲಿ ಇಂಗ್ಲಿಷ್ ಬಲ್ಲವರು ಶೇ 5ಕ್ಕಿಂತ ಕಡಿಮೆಯೋ ಅದನ್ನು ಹಿಂದುಳಿದದ್ದು ಎಂದು ಅದು ಗುರುತಿಸಿತು. ಅಂದಿನ ಆಡಳಿತದ ಭಾಷೆಗೆ ಬಾಗಿಲು ಯಾರಿಗೆ ಮುಚ್ಚಿತ್ತು ಎಂಬುದನ್ನೇ ಅಳತೆಯಾಗಿ ತೆಗೆದುಕೊಂಡದ್ದು ಚುರುಕಾದ ಯೋಚನೆ. ಏಳು ವರ್ಷಗಳೊಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಕನಿಷ್ಠ ಅರ್ಧ, ಕೆಳದರ್ಜೆಯಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದವರಿಗೆ ಸೇರಬೇಕೆಂಬ ಶಿಫಾರಸನ್ನು ಆಧರಿಸಿ 1921ರಲ್ಲಿ ಆದೇಶ ಹೊರಟಿತು. ಬ್ರಾಹ್ಮಣೇತರ ಸಮುದಾಯಗಳೆಲ್ಲ ಒಂದೇ ಗುಂಪಾಗಿದ್ದುದರಿಂದ ಭೂಮಿ, ಹಣ ಇದ್ದ ಸಮುದಾಯಗಳಿಗೆ ಫಲ ಮೊದಲು ಸಿಕ್ಕಿತು. ಅಸ್ಪೃಶ್ಯರೆನಿಸಿಕೊಂಡವರ ಸರದಿ ಬಹಳ ತಡವಾಯಿತು. ಮುಂದಿನ ನೂರು ವರ್ಷ ಇಲ್ಲಿನ ಪ್ರತಿ ಆಯೋಗವೂ ಈ ಒಂದೇ ಗುಂಪನ್ನು ಹೇಗೆ ಒಡೆಯಬೇಕು ಎಂಬ ಪ್ರಶ್ನೆಗೆ ಮರಳಿ ಮರಳಿ ಬಂದಿದೆ.

ಉದ್ಯೋಗ ವಿನಿಮಯ ಕೇಂದ್ರದ ಕಾರ್ಡು

ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ, 1945ರಲ್ಲಿ, ಸೇನೆಯಿಂದ ಬಿಡುಗಡೆಯಾಗುವ ಸೈನಿಕರಿಗೆ ಕೆಲಸ ಕೊಡಿಸಲು ಭಾರತ ಸರ್ಕಾರ ವಿನಿಮಯ ಕೇಂದ್ರಗಳನ್ನು ತೆರೆಯಿತು. 1948ರಲ್ಲಿ ಅವು ಎಲ್ಲರಿಗೂ ಮುಕ್ತವಾದವು. ಈ ಸೇವೆಯನ್ನು ಹೇಗೆ ನಡೆಸಬೇಕೆಂದು ಪರಿಶೀಲಿಸಲು 1952ರಲ್ಲಿ ನೇಮಕವಾದ ಸಮಿತಿಗೆ ಅಧ್ಯಕ್ಷರಾಗಿದ್ದವರು ದಕ್ಷಿಣ ಕನ್ನಡದಿಂದ ಲೋಕಸಭೆಗೆ ಆರಿಸಿ ಬಂದಿದ್ದ ಬಿ. ಶಿವರಾವ್, ಬೆನಗಲ್ ಮನೆತನದವರು. ಕೇಂದ್ರಗಳ ದಿನನಿತ್ಯದ ಆಡಳಿತವನ್ನು ರಾಜ್ಯಗಳಿಗೆ ಒಪ್ಪಿಸಬೇಕೆಂದು ಸಮಿತಿ ಹೇಳಿತು. ಅದು ಜಾರಿಯಾದದ್ದು 1956ರ ನವೆಂಬರ್ 1ರಂದು, ಏಕೀಕೃತ ಮೈಸೂರು ರಾಜ್ಯ ಹುಟ್ಟಿದ ದಿನವೇ.

ಉದ್ಯೋಗ ವಿನಿಮಯ ಕೇಂದ್ರಗಳ 1959ರ ಕಾಯ್ದೆ 1960ರ ಮೇ 1ರಿಂದ ಜಾರಿಗೆ ಬಂದು, ಸರ್ಕಾರಿ ಕಚೇರಿಗಳೂ 25ಕ್ಕೆ ಕಡಿಮೆಯಿಲ್ಲದ ನೌಕರರಿರುವ ಖಾಸಗಿ ಸಂಸ್ಥೆಗಳೂ ಖಾಲಿ ಹುದ್ದೆಯ ವಿವರವನ್ನು ಕೇಂದ್ರಕ್ಕೆ ತಿಳಿಸಲೇಬೇಕು ಎಂದಿತು. ಗಿರಣಿಗಳಲ್ಲಿ ಮೇಸ್ತ್ರಿ ಕರೆತಂದವರಿಗೆ ಕೆಲಸ, ಕಚೇರಿಗಳಲ್ಲಿ ಚೀಟಿ ತಂದವರಿಗೆ ಕೆಲಸ ಎಂಬ ರೂಢಿಯಿದ್ದ ಕಾಲದಲ್ಲಿ, ಎಲ್ಲಿ ಕೆಲಸ ಖಾಲಿಯಿದೆ ಎಂಬ ಸುದ್ದಿಯನ್ನೇ ಸಾರ್ವಜನಿಕವಾಗಿಸಿದ ಕಾನೂನು ಇದು. ಇಡೀ ಇತಿಹಾಸದಲ್ಲಿ ಬಡವರಿಗೆ ಅತಿ ಹೆಚ್ಚು ಉಪಯೋಗವಾಗಬಹುದಾಗಿದ್ದ ಕ್ರಮವೂ ಇದೇ. ಆದರೆ ಕೇಂದ್ರ ಕಳಿಸಿದವರನ್ನೇ ತೆಗೆದುಕೊಳ್ಳಬೇಕೆಂಬ ಕಟ್ಟುಪಾಡನ್ನು ಕಾಯ್ದೆ ಹಾಕಲಿಲ್ಲ. ಕೃಷಿ ಕೆಲಸ, ಮನೆಕೆಲಸ, ಕಚೇರಿಯ ಅಕುಶಲ ಕೆಲಸಗಳನ್ನು ಹೊರಗಿಟ್ಟಿತು. ಅತಿ ಬಡವರು ದುಡಿಯುತ್ತಿದ್ದದ್ದು ಇಂಥ ಕೆಲಸಗಳಲ್ಲೇ.

ಕೇಂದ್ರದ ಒಳಗಿನ ಕೆಲಸ ಹೀಗಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿದವರು ಮೂಲ ಅಂಕಪಟ್ಟಿ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಗುಮಾಸ್ತರು ಹೆಸರು, ವಿದ್ಯಾರ್ಹತೆ, ಜಾತಿಯ ವಿವರಗಳನ್ನು ಎಕ್ಸ್-1 ಎಂಬ ಸೂಚಿ ಕಾರ್ಡಿನಲ್ಲಿ ಬರೆದು, ವೃತ್ತಿ ವರ್ಗೀಕರಣದ ಸಂಕೇತ ಸಂಖ್ಯೆ ಹಾಕಿ ಡ್ರಾಯರಿನಲ್ಲಿ ಇಡುತ್ತಿದ್ದರು. ಅಭ್ಯರ್ಥಿಯ ಕೈಗೆ ಬರುತ್ತಿದ್ದದ್ದು ಎಕ್ಸ್-10 ಎಂಬ ಗುರುತಿನ ಕಾರ್ಡು. ಅದರ ಮೇಲೆ ನೋಂದಣಿ ಸಂಖ್ಯೆ, ನವೀಕರಣದ ತಾರೀಖು. ನವೀಕರಣ ತಪ್ಪಿದರೆ ಹಿರಿತನ ಹೋಯಿತು, ಮತ್ತೆ ಮೊದಲಿನಿಂದ ಎಣಿಕೆ. ಹುದ್ದೆ ಬಂದಾಗ ನೋಂದಣಿಯ ಹಿರಿತನ ನೋಡಿ ಹೆಸರು ಕಳಿಸುತ್ತಿದ್ದರು, ಸಂದರ್ಶನದ ಕಾರ್ಡು ಅಂಚೆಯಲ್ಲಿ ಬರುತ್ತಿತ್ತು. ಹಳೇ ಬೆಂಗಳೂರಿನ ಮಧ್ಯಮ ವರ್ಗದ ಮನೆಗಳಲ್ಲಿ ಆ ಕಾರ್ಡನ್ನು ರೇಷನ್ ಕಾರ್ಡಿನ ಜೊತೆಗೇ ಜೋಪಾನವಾಗಿ ಇಡುತ್ತಿದ್ದರು. ಎಚ್‌ಎಂಟಿ, ಬಿಇಎಲ್, ಐಟಿಐ, ಎಚ್‌ಎಎಲ್ ಕಾರ್ಖಾನೆಗಳು ಆಳು ತೆಗೆದುಕೊಳ್ಳುತ್ತಿದ್ದ ದಶಕಗಳಲ್ಲಿ ಅದಕ್ಕೆ ನಿಜವಾದ ಬೆಲೆಯಿತ್ತು.

ಆ ಕಾರ್ಖಾನೆಗಳು ಹೊಸಬರನ್ನು ತೆಗೆದುಕೊಳ್ಳುವುದು ಕಡಿಮೆಯಾದಂತೆ ಕೇಂದ್ರಗಳೂ ಸೊರಗಿದವು. ಕೇಂದ್ರದಿಂದ ಹೆಸರು ತರಿಸಿಕೊಂಡರಷ್ಟೇ ಸಾಲದು, ಪತ್ರಿಕೆಗಳಲ್ಲೂ ಪ್ರಕಟಣೆ ಕೊಡಬೇಕೆಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾರ್ಡು ಮಾಡಿಸಲು ಆಗದವರಿಗೂ ಅವಕಾಶ ಸಿಗಲಿ ಎಂಬ ಆ ತೀರ್ಪು ಸರಿಯಾದದ್ದು. 2015ರಲ್ಲಿ ರಾಷ್ಟ್ರೀಯ ವೃತ್ತಿ ಸೇವೆಯ ಜಾಲತಾಣ ಬಂತು. 1959ರ ಕಾಯ್ದೆ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿಹೋಯಿತು.

ನಾಗನಗೌಡರಿಂದ ಹಾವನೂರರವರೆಗೆ

ಆರ್. ನಾಗನಗೌಡ ಸಮಿತಿಯ ವರದಿ ಆಧರಿಸಿ ಮೈಸೂರು ಸರ್ಕಾರ 1962ರಲ್ಲಿ ಎಂಜಿನಿಯರಿಂಗ್, ವೈದ್ಯಕೀಯ ಸೀಟುಗಳಲ್ಲಿ ಶೇ 68ನ್ನು ಮೀಸಲಿಟ್ಟಿತು. ಅದೇ ವರ್ಷ ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಮೀಸಲಾತಿ ಸಾಮಾನ್ಯವಾಗಿ ಶೇ 50ರ ಒಳಗಿರಬೇಕೆಂಬ ಮಾತು ದೇಶದ ಕಾನೂನಿಗೆ ಬಂದದ್ದು ಈ ಮೈಸೂರಿನ ಪ್ರಕರಣದಿಂದ. ಸರ್ಕಾರ ಆಗ ಜಾತಿಯನ್ನು ಬಿಟ್ಟು, ವರ್ಷಕ್ಕೆ 1,200 ರೂಪಾಯಿಗಿಂತ ಕಡಿಮೆ ಆದಾಯದ ರೈತ, ಕುಶಲಕರ್ಮಿ, ಸಣ್ಣ ವ್ಯಾಪಾರಿ, ಕೂಲಿಗಾರ ಮುಂತಾದ ಕಸುಬಿನ ಮನೆಗಳನ್ನು ಹಿಂದುಳಿದವು ಎಂದಿತು. ಆದರೆ ಒಂದೇ ಆದಾಯದ ಎರಡು ಮನೆಗಳಲ್ಲಿ ಒಂದಕ್ಕೆ ಮಾತ್ರ ಊರಿನ ಬಾವಿ ಮುಚ್ಚಿದ್ದರೆ ಅದು ಆ ಲೆಕ್ಕದಲ್ಲಿ ಕಾಣುತ್ತಿರಲಿಲ್ಲ.

ಅದನ್ನು ಲೆಕ್ಕಕ್ಕೆ ತಂದದ್ದು ಮುಖ್ಯಮಂತ್ರಿ ದೇವರಾಜ ಅರಸು 1972ರಲ್ಲಿ ನೇಮಿಸಿದ ಎಲ್.ಜಿ. ಹಾವನೂರ ಆಯೋಗ. ಅದು ಊರೂರು ಸುತ್ತಿ, ಸಮೀಕ್ಷೆ ನಡೆಸಿ, 1975ರಲ್ಲಿ ವರದಿ ಒಪ್ಪಿಸಿತು. ಹಿಂದುಳಿದವರನ್ನು ಸಮುದಾಯ, ಜಾತಿ, ಬುಡಕಟ್ಟು ಎಂದು ಮೂರಾಗಿ ವಿಂಗಡಿಸಿ, ಸಂಖ್ಯೆ ಕಡಿಮೆಯಿದ್ದು ಎಲ್ಲೂ ಹೆಸರು ಕೇಳಿಸದಿದ್ದ ಅಲೆಮಾರಿ, ಕಸುಬುದಾರ ಗುಂಪುಗಳಿಗೆ ಪ್ರತ್ಯೇಕ ಪಾಲು ತೋರಿಸಿತು. ಅದರ ಆಧಾರದ ಮೇಲೆ 1977ರಲ್ಲಿ ಮೀಸಲಾತಿ ಆದೇಶವಾಯಿತು. ವೆಂಕಟಸ್ವಾಮಿ, ಚಿನ್ನಪ್ಪ ರೆಡ್ಡಿ ಆಯೋಗಗಳು ದಾಟಿ 1990ರ ದಶಕದ ಮಧ್ಯದಲ್ಲಿ ಹಿಂದುಳಿದ ವರ್ಗಗಳ ಐದು ಪ್ರವರ್ಗ, ಒಟ್ಟು ಶೇ 32 ಎಂಬ ಇಂದಿನ ಲೆಕ್ಕ ನಿಂತಿತು. 2022ರಲ್ಲಿ ಪರಿಶಿಷ್ಟ ಜಾತಿಗೆ ಶೇ 17, ಪಂಗಡಕ್ಕೆ ಶೇ 7 ಎಂದು ಏರಿಸಲಾಯಿತು. ಇದಲ್ಲದೆ ಮಹಿಳೆಯರು, ಅಂಗವಿಕಲರು, ಮಾಜಿ ಸೈನಿಕರು, ಯೋಜನೆಗಳಿಂದ ನಿರಾಶ್ರಿತರಾದವರು, ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಶಾಲೆಯಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಮತಲ ಮೀಸಲಾತಿಯಿದೆ. ಲಿಂಗತ್ವ ಅಲ್ಪಸಂಖ್ಯಾತರಿಗೆ 2021ರಲ್ಲಿ ಶೇ 1 ಹುದ್ದೆ ಕೊಟ್ಟ ಮೊದಲ ರಾಜ್ಯ ಕರ್ನಾಟಕ.

ಸರ್ಕಾರಿ ಹುದ್ದೆಯ ಆಚೆ

ಖಾಸಗಿ ದುಡಿಮೆಯ ಕಡೆಗೆ ನೀತಿ ಹರಿದದ್ದು ತೆಳ್ಳಗೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಸಂಸ್ಥೆಯೂ ಸಿಂಡಿಕೇಟ್, ಕೆನರಾ ಬ್ಯಾಂಕುಗಳೂ ಸೇರಿ ಕಟ್ಟಿದ ರುಡ್‌ಸೆಟಿ ಎಂಬ ತರಬೇತಿ ಸಂಸ್ಥೆ ನಿರುದ್ಯೋಗಿ ಯುವಕರನ್ನು ಉಚಿತವಾಗಿ ಇರಿಸಿಕೊಂಡು ಕಸುಬು ಕಲಿಸಿ, ಸಾಲದ ದಾರಿ ತೋರಿಸಿತು. ಅದೇ ಮಾದರಿ ಮುಂದೆ ದೇಶದ ಜಿಲ್ಲೆಜಿಲ್ಲೆಗೂ ಹೋಯಿತು. ಕನ್ನಡಿಗರಿಗೆ ಉದ್ಯೋಗ ಎಂಬ ಬೇಡಿಕೆಗೆ ರಾಮಕೃಷ್ಣ ಹೆಗಡೆ ಸರ್ಕಾರ 1983ರಲ್ಲಿ ಸರೋಜಿನಿ ಮಹಿಷಿ ಸಮಿತಿ ನೇಮಿಸಿತು. 58 ಶಿಫಾರಸುಗಳ ಆ ವರದಿ ಇಂದಿಗೂ ಚಳವಳಿಗಾರರ ಬಾಯಲ್ಲಿದೆ. 2024ರ ಜುಲೈನಲ್ಲಿ ಆಡಳಿತ ವರ್ಗದ ಕೆಲಸಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಎಂಬ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟರೂ, ಉದ್ಯಮಿಗಳ ವಿರೋಧದಿಂದ ಎರಡೇ ದಿನದಲ್ಲಿ ಅದನ್ನು ತಡೆಹಿಡಿಯಲಾಯಿತು. ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಮಾತ್ರ ಸಂವಿಧಾನದ 371ಜೆ ವಿಧಿಯಿಂದ 2013ರಿಂದ ಸರ್ಕಾರಿ ನೇಮಕಾತಿಯಲ್ಲಿ ಗಟ್ಟಿಯಾದ ಸ್ಥಳೀಯ ಪಾಲು ಸಿಕ್ಕಿದೆ.

ಕೆಲಸ ಮಾಡುತ್ತಲೇ ಇದ್ದು ನೌಕರರೆನಿಸದವರ ಕಥೆ ಬೇರೆ. ಕರ್ನಾಟಕದ ದಿನಗೂಲಿ ನೌಕರರಿಂದ ಹುಟ್ಟಿದ ಉಮಾದೇವಿ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್, ನಿಯಮದಂತೆ ನೇಮಕವಾಗದವರನ್ನು ಖಾಯಂ ಮಾಡುವಂತಿಲ್ಲ ಎಂದಿತು. ಹಿಂಬಾಗಿಲು ಮುಚ್ಚಿದ್ದು ಸರಿ. ಆದರೆ ಮುಂಬಾಗಿಲನ್ನೂ ಸರ್ಕಾರಗಳು ಅರೆತೆರೆದು, ಗುತ್ತಿಗೆಯನ್ನೇ ರೂಢಿ ಮಾಡಿಕೊಂಡವು. ಬೆಂಗಳೂರಿನ ರಸ್ತೆಗಳನ್ನು ಬೆಳಕು ಹರಿಯುವ ಮುನ್ನ ಗುಡಿಸುವ ಪೌರಕಾರ್ಮಿಕರಲ್ಲಿ ಹೆಚ್ಚಿನವರು ದಲಿತ ಹೆಣ್ಣುಮಕ್ಕಳು. ವರ್ಷಗಟ್ಟಲೆ ಗುತ್ತಿಗೆದಾರನ ಕೈಯಲ್ಲಿ ಸಂಬಳಕ್ಕೆ ಕಾದಿದ್ದ ಅವರು ಹೋರಾಡಿ, 2025ರ ಮೇ 1ರಂದು 12 ಸಾವಿರಕ್ಕೂ ಹೆಚ್ಚು ಮಂದಿ ಖಾಯಂ ನೇಮಕಾತಿ ಪತ್ರ ಪಡೆದರು. ಇತ್ತೀಚಿನ ಯಾವ ಯೋಜನೆಯೂ ಇಷ್ಟು ಕೆಳಗಿನ ಮೆಟ್ಟಿಲಿನವರನ್ನು ಇಷ್ಟು ನೇರವಾಗಿ ತಲುಪಿಲ್ಲ.

2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಯುವನಿಧಿ, ಕೋರ್ಸ್ ಮುಗಿಸಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಮಾಡಿದವರಿಗೆ 1,500 ರೂಪಾಯಿಗಳನ್ನು ಎರಡು ವರ್ಷ ಕೊಡುತ್ತದೆ. ಅರ್ಜಿ ಶುಲ್ಕ, ಬಸ್ ಚಾರ್ಜಿಗೆ ಅಪ್ಪನ ಮುಂದೆ ಕೈಚಾಚುವುದು ತಪ್ಪಿದರೂ ಅದು ಸಣ್ಣ ನೆರವಲ್ಲ.

ಪರೀಕ್ಷೆಯ ಮೇಲಿನ ನಂಬಿಕೆ

ಮೀಸಲಾತಿಯ ನ್ಯಾಯ ಕೊನೆಗೆ ನಿಂತಿರುವುದು ಪರೀಕ್ಷೆಯ ಪ್ರಾಮಾಣಿಕತೆಯ ಮೇಲೆ. 1951ರಲ್ಲಿ ಲೋಕಸೇವಾ ಆಯೋಗ ಸ್ಥಾಪನೆಯಾದದ್ದು ಇದಕ್ಕಾಗಿಯೇ. 2021ರಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ನಡೆದ ಪರೀಕ್ಷೆಯ ಅಕ್ರಮ ಬಯಲಾಗಿ, ಅದು ರದ್ದಾಗಿ, ಹೈಕೋರ್ಟ್ ಆದೇಶದ ಮೇರೆಗೆ 2024ರ ಜನವರಿಯಲ್ಲಿ ಮರುಪರೀಕ್ಷೆ ನಡೆಸುವ ಹೊಣೆ ಮಲ್ಲೇಶ್ವರಂನ ಪರೀಕ್ಷಾ ಪ್ರಾಧಿಕಾರಕ್ಕೆ ಬಂತು. ಮೊದಲು ಸಿಇಟಿಗಷ್ಟೇ ಹೆಸರಾಗಿದ್ದ ಈ ಸಂಸ್ಥೆ ಈಗ ನಿಗಮ ಮಂಡಳಿಗಳ ಹುದ್ದೆಗಳಿಗೂ ಪರೀಕ್ಷೆ ನಡೆಸುತ್ತದೆ. 2024ರಲ್ಲೇ 1,000 ಗ್ರಾಮ ಆಡಳಿತ ಅಧಿಕಾರಿ ಹುದ್ದೆಗಳಿಗೂ ಪರೀಕ್ಷೆ ನಡೆಸಿತು. 2024ರ ಆಗಸ್ಟ್‌ನಲ್ಲಿ ಲೋಕಸೇವಾ ಆಯೋಗದ 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದವೇ ತಪ್ಪಾಗಿ, ಡಿಸೆಂಬರ್‌ನಲ್ಲಿ ಮತ್ತೆ ಬರೆಸಬೇಕಾಯಿತು. ಕನ್ನಡದಲ್ಲಿ ಓದಿದ ಹಳ್ಳಿಯ ಮಕ್ಕಳಿಗಾಗಿ ಪಾಲು ಮೀಸಲಿಟ್ಟು, ಪ್ರಶ್ನೆಪತ್ರಿಕೆಯ ಕನ್ನಡವನ್ನೇ ಅವರಿಗೆ ಅರ್ಥವಾಗದಂತೆ ಕೊಡುವುದು ಕ್ಷಮಿಸಲಾಗದ ಅಲಕ್ಷ್ಯ.

ಪರಿಶಿಷ್ಟ ಜಾತಿಗಳ ಒಳಮೀಸಲಾತಿಗೆ 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ದಾರಿ ತೆರೆಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸರ್ಕಾರ ಹೊಸ ನೇಮಕಾತಿ ಅಧಿಸೂಚನೆಗಳನ್ನು ನಿಲ್ಲಿಸಿತು. ನಾಗಮೋಹನ್ ದಾಸ್ ಆಯೋಗದ ವರದಿಯ ನಂತರ 2025ರ ಆಗಸ್ಟ್‌ನಲ್ಲಿ ಶೇ 17ನ್ನು ಮೂರು ಗುಂಪುಗಳಿಗೆ 6, 6, 5 ಎಂದು ಹಂಚಲು ಸಂಪುಟ ನಿರ್ಧರಿಸಿತು. ಮಾದಿಗ ಸಮುದಾಯದ ದಶಕಗಳ ಹೋರಾಟಕ್ಕೆ ಸಿಕ್ಕ ಈ ಪಾಲು ನ್ಯಾಯವಾದದ್ದು. ಆದರೆ ಹಂಚಿಕೆ ತೀರ್ಮಾನವಾಗುವವರೆಗೆ ಅಭ್ಯರ್ಥಿಗಳ ವಯಸ್ಸು ನಿಂತು ಕಾಯುವುದಿಲ್ಲ. ಸರ್ಕಾರಿ ಸೇವೆಗೆ ಸೇರಲು ಮೂಲ ನಿಯಮದಂತೆ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟರಿಗೂ ಪ್ರವರ್ಗ-1ಕ್ಕೂ 40 ವರ್ಷಗಳ ಮಿತಿಯಿದೆ. ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಮಂಜೂರಾದ ಹುದ್ದೆಗಳು ಖಾಲಿ ಉಳಿದಿರುವಾಗಲೇ, ಧಾರವಾಡದ ಮತ್ತು ಬೆಂಗಳೂರಿನ ವಿಜಯನಗರದ ಕೋಚಿಂಗ್ ಕೇಂದ್ರಗಳ ಸುತ್ತ ಬಾಡಿಗೆ ಕೋಣೆಗಳಲ್ಲಿ ಓದುತ್ತಿರುವವರು ಈ ಮಿತಿಯನ್ನು ದಾಟುತ್ತಿದ್ದಾರೆ.